ಗಾಜಿನ ಹಿಂದಿನ ಕೋಳಿ

ಕೋಳಿಯನ್ನು ಖಾಲಿ ನೇಲ್ ಪಾಲಿಶ್ ಬಾಟಲಿಯ ಮುಚ್ಚಳಕ್ಕೆ ಸಿಕ್ಕಿಸಿ ಷೋಕೇಸಿನಲ್ಲಿ ನಿಲ್ಲಿಸಿದ್ದರು. ಪಕ್ಕದಲ್ಲಿ ಕಾಗೆ, ಆಡು, ಬೆಕ್ಕು, ಒಬ್ಬ ಅಜ್ಜಿ. ಎಲ್ಲವೂ ಬೆರಳಿಗೆ ಹಾಕಿಕೊಳ್ಳುವ ಬಟ್ಟೆಯ ಗೊಂಬೆಗಳು. ಗಾಜಿನ ಬಾಗಿಲಿಗೆ ಬೀಗ ಬಿದ್ದಿತ್ತು. ಬೀಗದ ಕೈ ಅತ್ತೆ ಸರ್ವಮಂಗಳಮ್ಮನ ಸೊಂಟದಲ್ಲಿತ್ತು.

ಗಾಜಿನ ಮುಂದೆ ನಾಲ್ಕು ವರ್ಷದ ಧನುಶ್ರೀ ನಿಂತಿದ್ದಳು. ಬರಿಯ ತೋರುಬೆರಳನ್ನು ಎತ್ತಿ, ಕೋಳಿ ತಲೆಯಾಡಿಸುವ ಹಾಗೆ ಬಗ್ಗಿಸುತ್ತಿದ್ದಳು, ನೆಟ್ಟಗೆ ಮಾಡುತ್ತಿದ್ದಳು. ಬಾಯಿ ತೆರೆಯುತ್ತಿತ್ತು. ಏನೂ ಬರುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವಳ ತಾಯಿ ಶಿವಲೀಲಾಗೆ ಕೈಯಲ್ಲಿದ್ದ ಲಟ್ಟಣಿಗೆಯನ್ನು ಗಾಜಿಗೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ಒಳಗೆ ಹೋಗಿ ಚಪಾತಿಯನ್ನು ಎಷ್ಟು ಒತ್ತಿ ಲಟ್ಟಿಸಿದಳೆಂದರೆ ಅದು ಮಣೆಗೆ ಅಂಟಿಕೊಂಡಿತು.

ಧನುಗೆ ಕಿವಿ ಚೆನ್ನಾಗಿ ಕೇಳುತ್ತದೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ. ಮಾತು ಮಾತ್ರ ಇರಲಿಲ್ಲ. ದಾವಣಗೆರೆಯಲ್ಲಿ ತೋರಿಸಿದಾಗ ಡಾಕ್ಟರ್ ಮೇಡಂ, "ಮಾತಾಡು ಮಾತಾಡು ಅಂತ ಅವಳನ್ನ ಪೀಡಿಸಬೇಡಿ. ಬೆರಳಿಗೆ ಹಾಕೋ ಗೊಂಬೆ ಹೊಲೀರಿ. ಗೊಂಬೆ ಮಾತಾಡಲಿ. ಮನೇಲಿ ಎಲ್ಲರೂ ಒಂದೊಂದು ಹಾಕ್ಕೊಂಡು ಅವಳ ಜೊತೆ ಆಡಿ" ಎಂದಿದ್ದರು. ಎಲ್ಲರೂ ಎಂದರೆ ಶಿವಲೀಲಾ ಒಬ್ಬಳೇ. ಗಂಡ ಪ್ರವೀಣ್ ಕುಮಾರ್ ಒಮ್ಮೆ ಕಾಗೆಯನ್ನು ಬೆರಳಿಗೆ ಹಾಕಿಕೊಂಡ; ಕಿಟಕಿಯ ಕಡೆ ನೋಡಿದ; ತೆಗೆದಿಟ್ಟ. "ಅಡಿಕೆ ಮಂಡೀಲಿ ಗೊತ್ತಾದ್ರೆ ನಗ್ತಾರೆ ಕಣೆ."

ನ್ಯಾಮತಿಯ ತವರಿಗೆ ಹೋಗಿ ಬರುವಾಗ ಹೊನ್ನಾಳಿಯಲ್ಲಿ ಬಸ್ಸಿಳಿದು, ಫ್ಯಾನ್ಸಿ ಅಂಗಡಿಯಲ್ಲಿ ಬಣ್ಣಬಣ್ಣದ ಫೆಲ್ಟ್ ಬಟ್ಟೆ ತಂದಿದ್ದಳು. ಅದು ನೇಯ್ದದ್ದಲ್ಲ, ಒತ್ತಿ ಮಾಡಿದ್ದು. ಕತ್ತರಿಸಿದರೆ ಅಂಚಿನಲ್ಲಿ ನೂಲು ಬಿಡುವುದಿಲ್ಲ, ಮಡಚಿ ಹೊಲಿಯುವ ರಗಳೆಯಿಲ್ಲ. ಬೆರಳಿಗಿಂತ ತುಸು ಅಗಲಕ್ಕೆ ಎರಡು ತುಂಡು ಕತ್ತರಿಸಿ, ಬುಡ ಬಿಟ್ಟು ಸುತ್ತಲೂ ಕಾಜಾ ಹೊಲಿಗೆ ಹಾಕಿದರೆ ಗೊಂಬೆಯ ಮೈ ಆಯಿತು. ಕೊಕ್ಕಿಗೆ ಹಳದಿ, ಜುಟ್ಟಿಗೆ ಕೆಂಪು. ಮಣಿಯ ಕಣ್ಣಿಟ್ಟರೆ ಮಗು ಕಿತ್ತು ನುಂಗೀತೆಂದು ಕಪ್ಪು ದಾರವನ್ನೇ ಗಂಟು ಹಾಕಿ ಕಣ್ಣು ಮಾಡಿದಳು. ಅಜ್ಜಿಗೆ ಬೂದು ಬಣ್ಣದ ತುರುಬು, ಹಣೆಯಲ್ಲಿ ಬಿಳಿ ದಾರದ ವಿಭೂತಿ.

ಒಂದು ಮಧ್ಯಾಹ್ನ ಧನು ಕೋಳಿಯನ್ನು ಬೆರಳಿಗೆ ಹಾಕಿಕೊಂಡು ಊಟದ ತಟ್ಟೆಯ ಮೇಲೆ ತಂದಳು. ಕೋಳಿ ಹೀರೇಕಾಯಿ ಪಲ್ಯವನ್ನು ನೋಡಿತು. "ಬ್ಯಾಡ" ಎಂದಿತು.

ಶಿವಲೀಲಾ ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟಳು. ಆಮೇಲಿನ ದಿನಗಳಲ್ಲಿ ಕೋಳಿ "ಬಾ" ಎಂದಿತು, "ಅಜ್ಜಿ ಹೋಗು" ಎಂದಿತು. ಸರ್ವಮಂಗಳಮ್ಮ, "ಮೊದಲನೇ ಮಾತೇ ಬ್ಯಾಡ ಅಂತಾ? ಯಾರ ಹೊಟ್ಟೇಲಿ ಹುಟ್ಟಿದ್ದು ಹೇಳು" ಎಂದು ಮೂತಿ ತಿರುಗಿಸಿದ್ದರು. ಆಗಲೂ ಶಿವಲೀಲಾಗೆ ಸಿಟ್ಟು ಬಂದಿತ್ತು. ಆದರೆ ಮಗಳು ಮಾತಾಡುತ್ತಿದ್ದಳು. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಅಷ್ಟರಲ್ಲಿ ಜಗಳೂರಿನಿಂದ ಫೋನ್ ಬಂತು. ನಾದಿನಿ ಸಂಧ್ಯಾರಾಣಿಯನ್ನು ನೋಡಲು ಗಂಡಿನ ಕಡೆಯವರು ಭಾನುವಾರ ಚನ್ನಗಿರಿಗೆ ಬರುತ್ತಾರಂತೆ. ಹೆಣ್ಣು ನೋಡಲು ಬಂದವರಿಗೆ ಈ ಮನೆಯಲ್ಲಿ ಹೆಣ್ಣಿಗಿಂತ ಮೊದಲು ತೋರಿಸುವುದು ಷೋಕೇಸನ್ನು. ಸರ್ವಮಂಗಳಮ್ಮ ತಮ್ಮ ಮದುವೆಗೆ ಮುಂಚೆ ಪೋಣಿಸಿದ ಮಣಿಯ ನವಿಲು ಅದರಲ್ಲಿ ಇಂದಿಗೂ ಇದೆ. ಅದನ್ನು ಯಾರೂ ಮುಟ್ಟಿಲ್ಲ, ಅವರೂ ಮುಟ್ಟಿಲ್ಲ. ಸಂಧ್ಯಾರಾಣಿಯ ಕೈಕೆಲಸ ಎಂದು ಇಡಲು ಏನೂ ಇರಲಿಲ್ಲ. ಅವಳು ಬಿ.ಕಾಂ. ಮಾಡಿದ್ದಾಳೆ, ಸ್ಕೂಟಿ ಓಡಿಸುತ್ತಾಳೆ, ಸೂಜಿಗೆ ದಾರ ಹಾಕಲು ಬರುವುದಿಲ್ಲ. ಆದ್ದರಿಂದ ಧನು ಮಲಗಿದ್ದಾಗ ಅವಳ ತಲೆದಿಂಬಿನ ಪಕ್ಕದಿಂದ ಗೊಂಬೆಗಳು ಎದ್ದು ಹೋದವು.

"ಅತ್ತೆ, ಅವು ಕೂಸಿನವು. ಕೊಡ್ರಿ."

"ಭಾನುವಾರ ಆದಮೇಲೆ ತಗೊಳ್ಳುವಂತೆ. ನಾನೇನು ತಿಂತೀನಾ?"

"ಬೆಳಿಗ್ಗೆಯಿಂದ ಒಂದು ಸೊಲ್ಲು ಎತ್ತಿಲ್ಲ ಅದು."

"ಮುಂಚೆ ಏನು ಭಾಷಣ ಮಾಡ್ತಿತ್ತಾ?"

ಪ್ರವೀಣ್ ಪೇಪರಿನ ಹಿಂದಿನಿಂದ, "ಇನ್ನೊಂದು ಹೊಲಿದುಕೊಡು ಬಿಡೆ, ನಿನಗೇನು ಕಷ್ಟನಾ" ಎಂದ.

ಹೊಲಿದಳು. ಅದೇ ಬಟ್ಟೆ, ಅದೇ ಅಳತೆ, ಅದೇ ಕೆಂಪು ಜುಟ್ಟು. ಧನು ಹೊಸ ಕೋಳಿಯನ್ನು ಬೆರಳಿಗೆ ಹಾಕಿಕೊಂಡಳು, ಮೂಸಿ ನೋಡಿದಳು, ತೆಗೆದು ನೆಲದ ಮೇಲಿಟ್ಟಳು. ಮತ್ತೆ ಹೋಗಿ ಗಾಜಿನ ಮುಂದೆ ನಿಂತಳು.

"ಇನ್ನೊಂದು ಮಾತು," ಎಂದರು ಸರ್ವಮಂಗಳಮ್ಮ. "ಭಾನುವಾರ ಅದನ್ನ ಪಕ್ಕದ ಅಜ್ಜಮ್ಮನ ಮನೇಲಿ ಬಿಡು. ಬಂದೋರು ನೋಡಿದ್ರೆ ಈ ವಂಶದಾಗೆ ಮೂಗರು ಹುಟ್ತಾರೆ ಅಂತಾರೆ. ಕೇಳಿದ್ರೆ ನ್ಯಾಮತಿಗೆ ಹೋಗೈತೆ ಅಂತೀನಿ."

"ಮೂಗಿ ಅಲ್ಲ ಅದು!"

"ನಿನಗೆ ಗೊತ್ತು, ನನಗೆ ಗೊತ್ತು. ಜಗಳೂರಿನೋರಿಗೆ ಗೊತ್ತಾ?"

ಅವತ್ತೇ ಮನೆ ಬಿಟ್ಟು ಹೋಗುತ್ತಿದ್ದಳೇನೋ. ಸಂಧ್ಯಾರಾಣಿ ಹಿತ್ತಲಲ್ಲಿ ಅವಳ ಕೈ ಹಿಡಿದುಕೊಂಡಳು. "ಅತ್ತಿಗೆ, ನನಗೆ ಈ ಸಂಬಂಧ ಬೇಕು. ಹುಡುಗನ ಜೊತೆ ಮಾತಾಡಿದೀನಿ, ಒಳ್ಳೇನು. ಒಂದಿನ ತಡ್ಕೊಳ್ರಿ. ಆಮೇಲೆ ನಾನೇ ಬೀಗ ಒಡೆದು ಕೊಡ್ತೀನಿ." ಶಿವಲೀಲಾ ತಡೆದುಕೊಂಡಳು. ತಡೆದುಕೊಂಡದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಭಾನುವಾರ ಅವರು ಬಂದರು. ಹುಡುಗ, ಅವನ ಸೋದರಮಾವ, ತಾಯಿ ಬಂಗಾರಮ್ಮ. ಬಂಗಾರಮ್ಮನದು ತೆಂಗಿನಕಾಯಿ ಒಡೆದ ಹಾಗಿನ ದನಿ. ಕೂರುವ ಮೊದಲೇ ಷೋಕೇಸಿನ ಮುಂದೆ ನಿಂತರು.

"ಏನ್ರೀ ಇದು, ಈ ಮುದುಕಿ ಥೇಟ್ ನಿಮ್ಮಂಗೇ ಅದಾಳಲ್ರೀ! ತುರುಬು ನೋಡ್ರಿ, ಮೂತಿ ನೋಡ್ರಿ!"

ಸರ್ವಮಂಗಳಮ್ಮ ಬಗ್ಗಿ ಗೊಂಬೆಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಮುಖ ಒಂದು ಗಳಿಗೆ ಕಪ್ಪಿಟ್ಟಿತು. "ನಮ್ಮ ಹುಡುಗಿ ತಮಾಷೆಗೆ ಮಾಡಿದ್ದು ರೀ. ಎಲ್ಲಾ ಅವಳ ಕೈಲಿಂದಾನೇ."

"ಹೌದೇನವ್ವಾ? ಯಾವ ಹೊಲಿಗೆ ಇದು?"

ಸಂಧ್ಯಾರಾಣಿ ಸೀರೆಯ ಸೆರಗನ್ನು ನೋಡಿದಳು. "ಸೂಜಿ ಹೊಲಿಗೆ ರೀ."

"ಗೊತ್ತಾತು ಬಿಡು, ಗುದ್ದಲಿ ಹೊಲಿಗೆ ಅಲ್ಲ!" ಬಂಗಾರಮ್ಮ ನಕ್ಕರು. ಎಲ್ಲರೂ ನಕ್ಕರು. ಹುಡುಗ ಕೂಡ ಸಂಧ್ಯಾರಾಣಿಯನ್ನು ನೋಡಿ ನಕ್ಕ. ಕಾಫಿಯ ತಟ್ಟೆ ಹಿಡಿದು ನಿಂತಿದ್ದ ಶಿವಲೀಲಾ ನಗಲಿಲ್ಲ.

"ನನ್ನ ಮಗಳ ಮಗ ಒಬ್ಬ ಅದಾನೆ, ಕೈಗೆ ಸಿಕ್ಕಿದ್ದು ಕಡೀತಾನೆ. ಆ ಕೋಳಿ ಅವನಿಗೆ ಒಯ್ಯಲಾ?"

"ಕೇಳೋದೇನ್ರೀ? ಅಷ್ಟೂ ಒಯ್ರಿ. ಇನ್ನು ಅವಳ ಕೈಕೆಲಸ ನಿಮ್ಮನೇದೇ ಅಲ್ಲೇನು?"

ಮೊಮ್ಮಗಳು ಗಾಜಿಗೆ ಹಣೆಯಿಟ್ಟು ಅತ್ತಾಗ ಸೊಂಟ ಬಿಟ್ಟು ಅಲುಗದ ಬೀಗದ ಕೈ ಜಗಳೂರಿನವರ ಒಂದು ಮಾತಿಗೆ ಹೊರಗೆ ಬಂತು. ಗಾಜು ಸರಿಯಿತು. ಬಂಗಾರಮ್ಮ ಕೋಳಿಯನ್ನು ತೆಗೆದುಕೊಂಡು ತಮ್ಮ ಹೆಬ್ಬೆರಳಿಗೆ ತುರುಕಿದರು. ಅದು ನಾಲ್ಕು ವರ್ಷದ ಬೆರಳಿನ ಅಳತೆಗೆ ಹೊಲಿದದ್ದು. ಪಕ್ಕದ ಹೊಲಿಗೆ ಹಿಗ್ಗಿತು, ಕೊಕ್ಕು ಓರೆಯಾಯಿತು.

"ಕೊಕ್ಕೊಕ್ಕೋ," ಎಂದರು ಬಂಗಾರಮ್ಮ.

ಶಿವಲೀಲಾ ಕಾಫಿಯ ತಟ್ಟೆಯನ್ನು ನೆಲದ ಮೇಲಿಟ್ಟಳು. "ತೆಗೀರಿ ಅದನ್ನ."

"ಏನವ್ವಾ?"

"ಬೆರಳಿಂದ ತೆಗೀರಿ. ಹೊಲಿಗೆ ಬಿಡ್ತದೆ. ಅದು ಕೊಡೋ ವಸ್ತು ಅಲ್ಲ."

"ಶಿವಲೀಲಾ," ಎಂದರು ಅತ್ತೆ. ಮೆಲ್ಲಗೆ, ನಗುಮುಖದಲ್ಲೇ. "ಒಳಗೆ ಹೋಗು. ಬಟ್ಟೆ ಚೂರಿಗೆ ಹಿಂಗಾಡ್ತಾರಾ?"

"ಬಟ್ಟೆ ಚೂರಲ್ಲ ಅತ್ತೆ. ನನ್ನ ಮಗಳ ಬಾಯಿ ಅದು." ಅವಳು ಬಂಗಾರಮ್ಮನ ಕೈಯನ್ನು ಹಿಡಿದು, ಉಂಗುರ ಬಿಡಿಸುವ ಹಾಗೆ ಕೋಳಿಯನ್ನು ಬಿಡಿಸಿಕೊಂಡಳು. "ನಾನು ಹೊಲಿದಿದ್ದು. ನನ್ನ ಮಗಳಿಗೆ ಅಂತ ಹೊಲಿದಿದ್ದು. ಅವಳಿಗೆ ಮಾತು ಬರಲ್ಲ. ಇದನ್ನ ಹಾಕ್ಕೊಂಡ್ರೆ ಬರ್ತದೆ. ಅದನ್ನ ಕಿತ್ತುಕೊಂಡು ಇವರು ಬೀಗ ಹಾಕಿದ್ರು. ನೀವು ನೋಡ್ತೀರಿ ಅಂತ."

"ಬಾಗಿಲಲ್ಲಿ ಕೇಳಿದಾಗ ಕೂಸು ನ್ಯಾಮತೀಲಿ ಐತೆ ಅಂದ್ರಿ?"

"ಪಕ್ಕದ ಮನೇಲಿ ಐತೆ. ನೀವು ನೋಡಬಾರದು ಅಂತ."

ಬಂಗಾರಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಸರ್ವಮಂಗಳಮ್ಮನ ಕಡೆ ತಿರುಗಿ, ಸಂತೆಯಲ್ಲಿ ಹಸುವಿನ ಹಲ್ಲು ನೋಡುವವರ ದನಿಯಲ್ಲಿ ಕೇಳಿದರು: "ಹುಟ್ಟಿದಾಗಿಂದ ಹಿಂಗೇನಾ? ನಿಮ್ಮ ಕಡೆ ಬೇರೆ ಯಾರಿಗಾದ್ರೂ ಐತಾ?"

ಈ ಪ್ರಶ್ನೆಗೆ ಹೆದರಿಯೇ ಅತ್ತೆ ಇಷ್ಟೆಲ್ಲ ಮಾಡಿದ್ದು. ಶಿವಲೀಲಾಗೆ ಅದು ಅರ್ಥವಾಯಿತು. ಅರ್ಥವಾದದ್ದರಿಂದ ಸಿಟ್ಟು ಕಡಿಮೆಯಾಗಲಿಲ್ಲ. ಬಂಗಾರಮ್ಮನ ಮೇಲೂ ಹರಡಿತು.

"ನನ್ನನ್ನ ಕೇಳ್ರಿ," ಎಂದಳು. "ಹೆತ್ತೋಳು ನಾನು."

ಯಾರೂ ಅವಳನ್ನು ಕೇಳಲಿಲ್ಲ. ಸಂಧ್ಯಾರಾಣಿ ತಲೆಯೆತ್ತಿ ನೋಡಿದಳು. ಕಣ್ಣು ಕೆಂಪಾಗಿತ್ತು. "ಒಂದಿನ ಅಂದಿದ್ದೆ ಅತ್ತಿಗೆ," ಎಂದಳು. "ಒಂದೇ ದಿನ." ಶಿವಲೀಲಾ ಕೋಳಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ನಡೆದಳು.

ಅಜ್ಜಮ್ಮನ ಮನೆಯ ಜಗಲಿಯ ಮೇಲೆ ಧನು ಗೋಡೆಗೆ ಆತು ಕೂತಿದ್ದಳು. ಅಜ್ಜಮ್ಮ ಕೊಟ್ಟ ಚಕ್ಕುಲಿ ಮುರಿಯದೆ ಮಡಿಲಲ್ಲಿ ಬಿದ್ದಿತ್ತು. ಶಿವಲೀಲಾ ಕೊಕ್ಕನ್ನು ಉಗುರಿನಿಂದ ನೆಟ್ಟಗೆ ಮಾಡಿ ಕೋಳಿಯನ್ನು ಕೊಟ್ಟಳು. ಧನು ಮೂಸಿ ನೋಡಿದಳು. ಬೆರಳಿಗೆ ಹಾಕಿಕೊಂಡಳು.

ಹಿಂದೆಯೇ ಪ್ರವೀಣ್ ಓಡಿಬಂದ. "ತಲೆ ಕೆಟ್ಟಿದೆಯೇನೆ ನಿನಗೆ? ಅವರಿನ್ನೂ ಎದ್ದಿಲ್ಲ. ಬಾ, ತಲೆನೋವಿತ್ತು, ಏನೇನೋ ಅಂದೆ ಅಂತ ಹೇಳು. ನನ್ನ ತಂಗಿ ಬಾಳು ಕಣೆ."

"ಇದು ನಿಮ್ಮ ಮಗಳು."

"ನಾನೇನು ಅಲ್ಲ ಅಂದೆನಾ?"

ಕೋಳಿ ಕತ್ತು ತಿರುಗಿಸಿ ಅವನನ್ನು ನೋಡಿತು. ಕೆಳಗಿನಿಂದ ಮೇಲಕ್ಕೆ, ಚಪ್ಪಲಿಯಿಂದ ಮುಖದವರೆಗೆ. ಆಮೇಲೆ ಶಿವಲೀಲಾಳ ಕಿವಿಯ ಹತ್ತಿರ ಹೋಗಿ ಏನೋ ಹೇಳಿತು. ಉಸಿರಿನಷ್ಟು ಸಣ್ಣ ದನಿ. ಆದರೆ ಮಾತು. ಶಿವಲೀಲಾ ಕಣ್ಣು ಮುಚ್ಚಿಕೊಂಡಳು.

ಪ್ರವೀಣ್ ಒಂದು ಹೆಜ್ಜೆ ಮುಂದೆ ಬಂದ. "ಏನಂದ್ಲು?"

"ಅವಳನ್ನೇ ಕೇಳ್ರಿ."

"ಧನು, ಏನಮ್ಮಾ? ಅಪ್ಪನ ಹತ್ರ ಹೇಳು."

ಧನು ಚಕ್ಕುಲಿಯನ್ನು ನೋಡಿದಳು.

"ಹಂಗಲ್ಲ," ಎಂದಳು ಶಿವಲೀಲಾ. ಅಳುತ್ತಿದ್ದಾಳೆಂದು ಅವನು ತಿಳಿದುಕೊಳ್ಳಬಾರದೆಂದು ಜೋರಾಗಿಯೇ ಹೇಳಿದಳು. "ಷೋಕೇಸಿನಾಗೆ ಕಾಗೆ ಐತೆ. ಬಾಗಿಲು ತೆರೆದೇ ಐತೆ. ಹೋಗಿ, ಅವರೆಲ್ಲರ ಮುಂದೆ ಅದನ್ನ ತಗೊಂಡು ಬರ್ರಿ. ಬೆರಳಿಗೆ ಹಾಕ್ಕೊಂಡು ಇಲ್ಲಿ ಕೂತು ಕೇಳ್ರಿ. ಹೇಳ್ತಾಳೆ."

"ಈಗಲೇನಾ?"

"ಈಗಲೇ."

ತಮ್ಮ ಮನೆಯೊಳಗಿನಿಂದ ಸರ್ವಮಂಗಳಮ್ಮ ಮಗನ ಹೆಸರು ಹಿಡಿದು ಕೂಗಿದರು. ಪ್ರವೀಣ್ ಆ ಕಡೆ ನೋಡಿದ, ಈ ಕಡೆ ನೋಡಿದ, ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಮನೆಯ ಕಡೆ ನಡೆದ. ಯಾರ ಮಾತಿಗೆ ಹೋದನೆಂದು ಅವನ ಬೆನ್ನು ನೋಡಿ ಹೇಳುವಂತಿರಲಿಲ್ಲ.

ಹೊನ್ನಾಳಿ ಮೇಲೆ ನ್ಯಾಮತಿಯ ತವರಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟು ಹೊತ್ತು ಅವನಿಗೆ ಕೊಡಬಹುದು, ಅದಕ್ಕಿಂತ ಒಂದು ಗಳಿಗೆ ಹೆಚ್ಚಿಲ್ಲ ಎಂದುಕೊಂಡು ಶಿವಲೀಲಾ ಮಗಳ ಪಕ್ಕದಲ್ಲಿ ಕೂತಳು.