ಕೆಂಪು ಕೋಟಿನ ಹುಡುಗಿ ಕ್ಷೇಮ

ಗುಬ್ಬಿಯನ್ನು ಎತ್ತಿಕೊಂಡು ಹೋದ ದಿನ ಅವಳ ಅಮ್ಮ ಬಿಸ್ಕತ್ತು ಯಜಮಾನರ ಮನೆಯ ಹಿಂಬಾಗಿಲಲ್ಲಿ ಕೂತು ಔತಣದ ಪಾತ್ರೆ ತಿಕ್ಕುತ್ತಿದ್ದಳು. ಸೋಪಿನ ಪುಡಿಗೆ ಅವಳ ಬೆರಳಸಂದಿಗಳು ಒಡೆದಿದ್ದವು. ಬಿಸಿನೀರು ತಾಕಿದರೆ ಜೀವ ಹೋಗಿ ಬಂದಂತಾಗುತ್ತಿತ್ತು. ಆದರೂ ಅವತ್ತು ಖುಷಿಯಲ್ಲೇ ಇದ್ದಳಂತೆ. ಮಗಳು ಬೆಳಿಗ್ಗೆ ಕೆಂಪು ಕೋಟು ತೊಟ್ಟು ಶಾಲೆಗೆ ಹೋದದ್ದೇ ಕಣ್ಣಲ್ಲಿತ್ತು.

ಆ ಕೋಟು ಊರಿಗೆಲ್ಲ ಗೊತ್ತು. ಯಜಮಾನರ ಕಾರ್ಖಾನೆಯ ಬಿಸ್ಕತ್ತಿನ ಪೊಟ್ಟಣದ ಮೇಲೆ ಅವರ ಮಗಳ ಚಿತ್ರವಿದೆ. ಕೆಂಪು ಕೋಟು, ಚಿನ್ನದ ಬಣ್ಣದ ದೊಡ್ಡ ದೊಡ್ಡ ಗುಂಡಿ, ಕೈಯಲ್ಲೊಂದು ಬಿಸ್ಕತ್ತು. ಮುಖದ ಮಾತು ಬಿಡಿ, ಚಿತ್ರ ಬರೆದವನು ಎಲ್ಲ ಮಕ್ಕಳಿಗೂ ಬರೆಯುವ ಮುಖವನ್ನೇ ಬರೆದಿದ್ದಾನೆ. ಕೋಟು ಮಾತ್ರ ಅಚ್ಚು ಅದೇ. ಆ ಹುಡುಗಿಯನ್ನು ಎಲ್ಲರೂ ಬೇಬಿ ಅನ್ನುತ್ತಾರೆ. ಬೇಬಿಗೆ ಕೋಟು ಬಿಗಿಯಾದಾಗ ಅಮ್ಮಾವ್ರು ಅದನ್ನು ಗುಬ್ಬಿಯ ಅಮ್ಮನಿಗೆ ಕೊಟ್ಟರು.

"ಜೋಪಾನ ಕಣೇ. ಇಂಥ ಕೋಟು ಹಾಕ್ಕೊಳ್ಳೋಕೂ ಪುಣ್ಯ ಮಾಡಿರ್ಬೇಕು" ಅಂದರಂತೆ.

ಕೋಟನ್ನು ಗುಬ್ಬಿಯ ಅಳತೆಗೆ ಹಿಡಿಸಿದವಳು ನಾನೇ. ನಮ್ಮ ಸಾಲುಮನೆಯ ಮೆಟ್ಟಿಲ ಕೆಳಗೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದೇನೆ. ನನ್ನ ಹತ್ತಿರ ಬರುವುದು ಹರಿದದ್ದು, ಇಲ್ಲವೇ ಇನ್ನೊಬ್ಬರದ್ದು. ಹೊಸ ಬಟ್ಟೆ ಅನ್ನೋದು ನನ್ನ ಕತ್ತರಿಯ ಹಣೆಯಲ್ಲಿ ಬರೆದಿಲ್ಲ. ಗುಬ್ಬಿಗೆ ಕೋಟು ತೊಡಿಸಿದಾಗ ಅವಳು ಅಂಗಳದಲ್ಲಿ ಗಿರಗಿರ ತಿರುಗಿ, "ದೊಡ್ಡಮ್ಮ, ನಾನೀಗ ಬಿಸ್ಕತ್ತಾ?" ಅಂತ ಕೇಳಿದಳು. ನಾವೆಲ್ಲ ನಕ್ಕೆವು.

ಶಾಲೆಯ ತಿರುವಿನಲ್ಲಿ ನಿಂತಿದ್ದ ಇಬ್ಬರು ಕಳ್ಳರಿಗೂ ಅವಳು ಬಿಸ್ಕತ್ತೇ ಆಗಿ ಕಂಡಿರಬೇಕು. ವ್ಯಾನಿಗೆ ಎತ್ತಿ ಹಾಕಿಕೊಂಡು ಹೋದರು.

ಅತಿಥಿಗಳು ಉಂಡು, ಕೈ ತೊಳೆದು, ಕಾರು ಹತ್ತಿದ ಮೇಲೆ ಅಮ್ಮಾವ್ರು ಹಿಂಬಾಗಿಲಿಗೆ ಬಂದರು.

"ನೋಡು, ಗಾಬರಿ ಆಗ್ಬೇಡ. ನಿನ್ನ ಮಗಳನ್ನ ಯಾರೋ ತಪ್ಪಾಗಿ ಕರ್ಕೊಂಡು ಹೋಗಿದಾರಂತೆ. ಬೆಳಿಗ್ಗೆನೇ ಫೋನ್ ಬಂದಿತ್ತು. ಊಟದ ಹೊತ್ತಲ್ಲಿ ನೀನು ಅತ್ತು ಕರೆದು ಮಾಡಿದ್ರೆ ಚೆನ್ನಾಗಿರಲ್ಲ ಅಂತ ಹೇಳ್ಲಿಲ್ಲ. ಆ ದೊಡ್ಡ ಪಾತ್ರೆ ಒಂದು ತಿಕ್ಕಿಟ್ಟು ಹೋಗ್ಬಿಡು."

ಅವಳು ತಿಕ್ಕಲಿಲ್ಲ. ಸೋಪಿನ ಕೈಯಲ್ಲೇ ಓಡಿ ಬಂದಳು. ಇಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿದ್ದ ಸಾಹೇಬರು ಲೋಟ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಮಗಳನ್ನ ಯಾರಮ್ಮ ಅಪಹರಿಸ್ತಾರೆ? ಏನಿದೆ ನಿನ್ನ ಹತ್ರ?"

"ಮಗಳಿದಾಳೆ ಸಾರ್" ಅಂದಳು.

"ಎಲ್ಲೋ ಆಟಕ್ಕೆ ಹೋಗಿರ್ತಾಳೆ. ಹಸಿವಾದ್ರೆ ತಾನೇ ಬರ್ತಾಳೆ ಬಿಡು."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಆ ಮೇಜಿನ ಮುಂದೆ ನಮ್ಮ ಉರಿಗೆ ಏನು ಬೆಲೆ? ಊರೆಲ್ಲ ಹುಡುಕಿದೆವು. ಹೊತ್ತು ಮುಳುಗುವಾಗ ಸಾಲುಮನೆಗೆ ವಾಪಸು ಬಂದರೆ, ನನ್ನ ಮೆಷಿನ್ನಿನ ಪಕ್ಕ, ಬಟ್ಟೆಯ ಗುಡ್ಡೆಯ ಮೇಲೆ ಗುಬ್ಬಿ ಕೂತಿದ್ದಳು! ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ ಇತ್ತು. ಅದೂ ಯಜಮಾನರ ಕಾರ್ಖಾನೆಯದೇ.

ಅವಳಮ್ಮ ಅಪ್ಪಿಕೊಂಡವಳು ಬಿಡಲೇ ಇಲ್ಲ. ಅಳು ಕೂಡ ಬರಲಿಲ್ಲ ಪಾಪ. ನಾನೇ ಅವಳ ಪಾಲಿನದನ್ನೂ ಸೇರಿಸಿ ಅತ್ತೆ.

"ಏನಾಯ್ತು ಪುಟ್ಟಿ? ಹೊಡೆದ್ರಾ?"

"ಇಲ್ಲ ದೊಡ್ಡಮ್ಮ. ಒಬ್ಬ ಮಾಮ ಯಜಮಾನ್ರಿಗೆ ಫೋನ್ ಮಾಡ್ದ. ನಿನ್ನ ಮಗಳು ನಮ್ಮ ಹತ್ರ ಇದಾಳೆ ಅಂದ. ಜೋರಾಗಿ ಕೇಳಿಸ್ತಿತ್ತು. ಯಜಮಾನ್ರು, ನನ್ನ ಮಗಳು ಇಲ್ಲೇ ಕೂತು ತಿಂಡಿ ತಿಂತಿದಾಳೆ ಅಂದ್ರು. ಹಂಗಾದ್ರೆ ಇದು ಯಾರು ಅಂತ ಮಾಮ ಕೇಳ್ದ. ಓ ಅದಾ, ಅದು ಪಾತ್ರೆಯವಳದು ಅಂದ್ರು. ನಕ್ಕು ಫೋನ್ ಇಟ್ಬಿಟ್ರು."

"ಆಮೇಲೆ?"

"ಮಾಮಂದಿರು ಜಗಳ ಆಡಿದ್ರು. ಕೋಟು ನೋಡಿ ಮೋಸ ಹೋದ್ವಲ್ಲೋ ಅಂತ ಒಬ್ಬ ಇನ್ನೊಬ್ಬನ ತಲೆ ಮೇಲೆ ಕುಟ್ಟಿದ. ಆಮೇಲೆ ಪಾಪ ಹಸಿದಿರುತ್ತೆ ಅಂತ ಬಿಸ್ಕತ್ತು ಕೊಡ್ಸಿ ಬೀದಿ ತುದೀಲಿ ಬಿಟ್ಟೋದ್ರು."

ಮಗು ಹಸಿದಿರಬಹುದು ಅಂತ ಆ ದಿನ ಇಡೀ ಊರಲ್ಲಿ ನೆನೆಸಿಕೊಂಡವರು ಇಬ್ಬರೇ. ಆ ಇಬ್ಬರು ಕಳ್ಳರು.

ಮಾರನೆಯ ದಿನ ಪತ್ರಿಕೆಯಲ್ಲಿ ದೊಡ್ಡಕ್ಷರದಲ್ಲಿ ಬಂತು: ಕೆಂಪು ಕೋಟಿನ ಹುಡುಗಿ ಕ್ಷೇಮ! ಕೆಳಗೆ ಬೇಬಿಯ ಫೋಟೋ. ಯಜಮಾನರು ಎದೆಗುಂದದೆ ದುಷ್ಕರ್ಮಿಗಳೊಡನೆ ಮಾತಾಡಿದರಂತೆ. ಪೊಲೀಸರು ಚುರುಕಾಗಿ ಬಲೆ ಬೀಸಿದರಂತೆ. ಹೆದರಿದ ದುಷ್ಕರ್ಮಿಗಳು ಮಗುವನ್ನು ಬಿಟ್ಟು ಓಡಿದರಂತೆ. ಯಾವ ಮಗು ಅಂತ ಎಲ್ಲೂ ಬರೆದಿರಲಿಲ್ಲ. ಫೋಟೋ ಇದ್ದಮೇಲೆ ಯಾರು ಕೇಳುತ್ತಾರೆ?

ಹಿಂದಿನ ರಾತ್ರಿ ನಮ್ಮ ಸಾಲುಮನೆಗೇ ಬಂದು ಗುಬ್ಬಿಯನ್ನು ಮಾತಾಡಿಸಿ ಹೋಗಿದ್ದ ಪತ್ರಿಕೆಯವನು ಮತ್ತೆ ಕಣ್ಣಿಗೆ ಬಿದ್ದ. ಹಿಡಿದು ನಿಲ್ಲಿಸಿದೆ.

"ಏನಪ್ಪಾ ಇದು? ಕಳೆದುಹೋದವಳು ಒಬ್ಬಳು, ಸಿಕ್ಕವಳು ಇನ್ನೊಬ್ಬಳಾ?"

"ಅಕ್ಕ, ಓದೋರಿಗೆ ಗೊಂದಲ ಆಗ್ಬಾರ್ದಲ್ಲ. ಸ್ವಲ್ಪ ಸರಳ ಮಾಡಿದ್ವಿ ಅಷ್ಟೆ" ಅಂದ.

ಸರಳವಾದ ಸುದ್ದಿ ಓದಿ ಊರಿಗೆ ಊರೇ ಯಜಮಾನರ ಮನೆಗೆ ಹರಿದುಬಂತು. ಹೂಗುಚ್ಛ, ಗೊಂಬೆ, ಬಲೂನು. ಎಲ್ಲಿಗೂ ಹೋಗದೆ ಇದ್ದ ಬೇಬಿ ಸೋಫಾದ ಮೇಲೆ ಕೂತು, ಎಲ್ಲಿಂದಲೋ ವಾಪಸು ಬಂದವಳ ಹಾಗೆ ಕೆನ್ನೆ ಹಿಂಡಿಸಿಕೊಂಡಳು. ಮೊದಮೊದಲು "ನಾನಲ್ಲ ಆಂಟಿ" ಅನ್ನುತ್ತಿದ್ದಳಂತೆ. "ಪಾಪ, ಮಗೂಗೆ ಇನ್ನೂ ಭಯ ಹೋಗಿಲ್ಲ" ಅಂತ ಬಂದವರು ಕಣ್ಣೊರೆಸಿಕೊಂಡರಂತೆ. ಬ್ಯಾಂಕಿನ ಮ್ಯಾನೇಜರು ಬಂದರು. ಶಾಲೆಯ ದೊಡ್ಡ ಮೇಡಮ್ಮು ಬಂದರು. ನಮ್ಮ ಠಾಣೆಯ ಸಾಹೇಬರೂ ಬಂದು ಬೇಬಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಬಂದವರಿಗೆಲ್ಲ ಟೀ ಬೇಕಲ್ಲ. ಮಾಡಿದವಳು ಗುಬ್ಬಿಯ ಅಮ್ಮ. ತಟ್ಟೆ ಹಿಡಿದು ಒಳಗೆ ಹೊರಗೆ ಓಡಾಡಿದವಳೂ ಅವಳೇ. ಗುಬ್ಬಿ ಹಿಂಬಾಗಿಲ ಮೆಟ್ಟಿಲ ಮೇಲೆ, ಎಂಜಲು ಲೋಟಗಳ ಪಕ್ಕ ಕೂತಿದ್ದಳು.

"ನಿಂದೇನಮ್ಮ ಮುಖ ಬಾಡಿದೆ? ಮಗು ಕ್ಷೇಮವಾಗಿ ಬಂದಿದೆ, ನಗಬಾರ್ದಾ!" ಅಂತ ಒಬ್ಬರು ಟೀ ತಗೊಳ್ಳುತ್ತ ಗದರಿಕೊಂಡರಂತೆ. ಅವಳು ನಕ್ಕಳಂತೆ. ನನಗೆ ಇದನ್ನು ಹೇಳುವಾಗ ಮಾತ್ರ ನಗಲಿಲ್ಲ.

ಕಾರ್ಖಾನೆಯಲ್ಲಿ ಪೊಟ್ಟಣಗಳು ಎಂದೂ ಇಲ್ಲದ ಹಾಗೆ ಮಾರಾಟವಾದವು. ತುಂಬುವ ವಿಭಾಗದ ಹೆಂಗಸರಿಗೆ ಉಸಿರಾಡಲೂ ಬಿಡುವಿಲ್ಲ. ಆಗ ಯಜಮಾನರು ಗುಬ್ಬಿಯ ಅಮ್ಮನನ್ನು ಒಳಗಿನ ಕೋಣೆಗೇ ಕರೆಸಿದರು.

"ನಿನ್ನ ಮಗಳ ಜವಾಬ್ದಾರಿ ಇನ್ನು ನಮ್ದು" ಅಂದರು. "ಇಗೋ, ಅದೇ ಥರದ ಹೊಸ ಕೋಟು ಹೊಲಿಸಿದೀನಿ. ದಿನಾ ನಮ್ಮ ಕಾರಲ್ಲೇ ಶಾಲೆಗೆ ಹೋಗ್ಲಿ. ಕಿಟಕಿ ಪಕ್ಕ ಕೂತ್ಕೊಳ್ಲಿ. ಕಾರ್ಖಾನೆ ಅಂಗಳದಲ್ಲಿ ಒಂದು ಸಮಾರಂಭ ಇಟ್ಕೊಂಡು, ಬೇಬಿ ಕ್ಷೇಮವಾಗಿರೋ ಖುಷಿಗೆ ಅಂತ ಎಲ್ಲರ ಮುಂದೆ ಕೊಡ್ತೀನಿ."

ಊರು ಯಜಮಾನರನ್ನು ಹೊಗಳಿದ್ದೇ ಹೊಗಳಿದ್ದು. ಕೆಲಸದವಳ ಮಗಳಿಗೆ ಕಾರು! ಇಂಥ ದೊಡ್ಡ ಮನಸ್ಸು ಯಾರಿಗಿದೆ? ನಮ್ಮ ಸಾಲಿನವರೂ ಬಾಯಿ ಬಿಟ್ಟುಕೊಂಡು ಕೇಳಿದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಸಂತೋಷವಾಯಿತು. ಅಷ್ಟರಲ್ಲಿ ಯಜಮಾನರ ಡ್ರೈವರು, ಪ್ಯಾಂಟಿನ ಜಿಪ್ಪು ಹಾಕಿಸುವ ನೆಪದಲ್ಲಿ ನನ್ನ ಹತ್ತಿರ ಬಂದ.

"ಅಕ್ಕ, ಗುಬ್ಬಿ ಅಮ್ಮನ್ನ ಕರಿ" ಅಂದ. ಅವಳು ಬಂದಳು. "ತಂಗಿ, ಮಗೂನ ಆ ಕಾರು ಹತ್ತಿಸ್ಬೇಡ. ಬೇಬಿ ಅದರಲ್ಲಿ ಬರಲ್ಲ."

"ಮತ್ತೆ?"

"ಬೇಬಿಗೆ ಹಿಂದಿನ ಗೇಟಿಂದ ಹಳೇ ಗಾಡಿ. ಸಾದಾ ಬಟ್ಟೆ. ಮುಂದಿನ ಗೇಟಿಂದ ಕೆಂಪು ಕೋಟು, ಕಿಟಕಿ ಪಕ್ಕ. ಮತ್ತೆ ಯಾರಾದ್ರೂ ಬಂದ್ರೆ ಕೋಟು ನೋಡಿ ಬರ್ತಾರೆ. ಯಜಮಾನ್ರು ನನ್ನ ಮುಂದೇನೇ ಅಮ್ಮಾವ್ರಿಗೆ ಹೇಳಿದ್ರು ತಂಗಿ. ನಾನೂ ಮಕ್ಕಳೊಂದಿಗ, ನನ್ನ ಕೈಲಿ ಆ ಕಾರು ಓಡ್ಸೋಕಾಗಲ್ಲ."

ನನ್ನ ಕೈಯಲ್ಲಿದ್ದ ಸೂಜಿ ನಿಂತಿತು. ಥೂ! ಮೀನಿನ ಗಾಳಕ್ಕೆ ಹುಳ ಕಟ್ಟುವವರು ಹುಳಕ್ಕೆ ಕೋಟು ಹೊಲಿಸುವುದಿಲ್ಲ, ಅಷ್ಟಾದರೂ ಮರ್ಯಾದೆ ಇದೆ ಅವರಿಗೆ.

ಅವಳು ಯಜಮಾನರ ಮನೆಗೆ ಹೋಗಿ, ಕಾರು ಬೇಡ, ಮಗಳು ನಡೆದೇ ಹೋಗುತ್ತಾಳೆ ಅಂದಳು. ಉತ್ತರ ಕೊಟ್ಟವರು ಅಮ್ಮಾವ್ರು.

"ಊರಿಗೆಲ್ಲ ಹೇಳಿಯಾಗಿದೆ. ಈಗ ನಮ್ಮ ಮಾನ ಕಳೀತೀಯಾ? ಸಮಾರಂಭದ ದಿನ ನಿನ್ನ ಮಗಳು ಕೋಟು ಹಾಕ್ಕೊಂಡು ಕಾರು ಹತ್ಬೇಕು. ಇಲ್ದಿದ್ರೆ ನೀನೂ ಕೆಲಸಕ್ಕೆ ಬರೋದು ಬೇಡ. ಈ ಊರಲ್ಲಿ ಇನ್ನೊಂದು ಮನೆ ಬಾಗಿಲೂ ನಿಂಗೆ ತೆರೆಯಲ್ಲ, ನೆನಪಿಟ್ಕೋ."

ಕೆಲಸ ಬಿಟ್ಟರೆ ಒಲೆ ಹೊತ್ತುವುದಿಲ್ಲ. ಒಪ್ಪಿದರೆ ಮಗಳು ದಿನಾ ಬೆಳಿಗ್ಗೆ ಬಲಿಗೆ ಹೊರಡಬೇಕು. ಅವಳು ಅವತ್ತು ಊಟ ಬಿಟ್ಟು ಕೂತಳು. ಆಮೇಲೆ ಎದ್ದು ಗುಬ್ಬಿಯ ಹಳೆ ಫ್ರಾಕನ್ನು ತಂದು ನನ್ನ ಮೆಷಿನ್ನಿನ ಮೇಲೆ ಇಟ್ಟಳು. ಬಣ್ಣ ಹೋಗಿ ಯಾವ ಬಣ್ಣ ಅಂತ ಹೇಳಲಾಗದ ಫ್ರಾಕು. ಬಗಲಲ್ಲಿ, ಬೆನ್ನಲ್ಲಿ ನನ್ನದೇ ತೇಪೆಗಳು.

"ಅಕ್ಕ, ಇದನ್ನ ಸ್ವಲ್ಪ ದೊಡ್ಡದು ಮಾಡಿಕೊಡು. ಅಗಲ, ಉದ್ದ ಎರಡೂ."

"ಗುಬ್ಬಿ ಸೊರಗಿ ಕಡ್ಡಿಯಾಗಿದಾಳೆ, ಯಾಕೇ ದೊಡ್ಡದು?"

"ಮಾಡಿಕೊಡಕ್ಕ" ಅಂದಳು. ಬಿಚ್ಚಿ, ಪಟ್ಟಿ ಕೊಟ್ಟು ಹೊಲಿದುಕೊಟ್ಟೆ.

ಸಮಾರಂಭದ ದಿನ ಕಾರ್ಖಾನೆಯ ಅಂಗಳದಲ್ಲಿ ಪೆಂಡಾಲು, ಮೈಕು, ಮುಂದಿನ ಸಾಲಿಗೆ ಮೆತ್ತನೆ ಕುರ್ಚಿ. ಹಿಂದೆ ತುಂಬುವ ವಿಭಾಗದ ಹೆಂಗಸರು ತಲೆಗೆ ಟೋಪಿ ಹಾಕಿಕೊಂಡೇ ನಿಂತಿದ್ದರು. ಅವರ ನಡುವೆ ನಾನೂ ತೂರಿಕೊಂಡೆ. ಠಾಣೆಯ ಸಾಹೇಬರು ಧೈರ್ಯದ ಬಗ್ಗೆ ಮಾತಾಡಿದರು. ಮೇಡಮ್ಮು ಮಕ್ಕಳೆಲ್ಲ ಒಂದೇ ಅಂದರು. ಯಜಮಾನರು ಕಣ್ಣು ಒದ್ದೆ ಮಾಡಿಕೊಂಡು, "ಅವಳು ಬೇರೆಯಲ್ಲ, ನನ್ನ ಮಗಳು ಬೇರೆಯಲ್ಲ" ಅಂದರು. ಚಪ್ಪಾಳೆಯೋ ಚಪ್ಪಾಳೆ.

ಗುಬ್ಬಿಯ ಅಮ್ಮನನ್ನು ಕರೆದು ಹೊಸ ಕೋಟು ಕೊಟ್ಟರು. "ಎರಡು ಮಾತಾಡಮ್ಮ, ನಾಚ್ಕೋಬೇಡ" ಅಂತ ಮೈಕು ಹಿಡಿದವನು ಅವಳ ಬಾಯಿಗೆ ಹಿಡಿದ. ಅವಳು ಕೋಟನ್ನು ಮಡಿಚಿ ಮೇಜಿನ ಮೇಲಿಟ್ಟಳು.

"ನಂಗೆ ಭಾಷಣ ಬರಲ್ಲ" ಅಂದಳು. "ಕಳ್ಳರು ಎತ್ಕೊಂಡು ಹೋಗಿದ್ದು ಬೇಬಿನಲ್ಲ. ನನ್ನ ಗುಬ್ಬಿನ. ಈ ಥರದ ಕೋಟು ಹಾಕ್ಕೊಂಡಿದ್ಲು ಅಂತ ಎತ್ಕೊಂಡು ಹೋದ್ರು. ಪಾತ್ರೆಯವಳ ಮಗಳು ಅಂತ ಯಜಮಾನ್ರೇ ಹೇಳಿದ್ಮೇಲೆ ತಂದು ಬಿಟ್ರು."

ಮುಂದಿನ ಸಾಲಿನಲ್ಲಿ ಗುಸುಗುಸು ಶುರುವಾಯಿತು. ಯಜಮಾನರು ಮೈಕಿನವನಿಗೆ ಕಣ್ಸನ್ನೆ ಮಾಡಿದರು. ಅವಳು ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಾತ್ರೆ ತಿಕ್ಕಿದ ಕೈ, ಬಿಡಿಸಲು ಆಗಲಿಲ್ಲ.

"ಈಗ ಇದೇ ಕೋಟು ಹಾಕಿ ಮುಂದಿನ ಗೇಟಿಂದ ನನ್ನ ಮಗಳನ್ನ ಕಳ್ಸಿ, ಹಿಂದಿನ ಗೇಟಿಂದ ಬೇಬಿನ ಕಳಿಸ್ತಾರಂತೆ. ಬೇಬಿನ ನಾನೂ ಎತ್ತಿ ಆಡ್ಸಿದೀನಿ. ಆ ಮಗೂಗೂ ಏನೂ ಆಗ್ಬಾರ್ದು. ಅದಕ್ಕೇ ಇದನ್ನ ತಂದಿದೀನಿ."

ಚೀಲದಿಂದ ಫ್ರಾಕು ತೆಗೆದು ಬಿಡಿಸಿದಳು. ನಾನು ಅಗಲ ಮಾಡಿಕೊಟ್ಟ ಫ್ರಾಕು. ಅದು ಯಾರ ಅಳತೆ ಅಂತ ಆಗ ಹೊಳೆಯಿತು ನನಗೆ.

"ನನ್ನ ಮಗಳದು. ಒಗೆದು ತಂದಿದೀನಿ. ಬೇಬಿ ಅಳತೆಗೆ ಹೊಲಿಸಿದೀನಿ. ಇದನ್ನ ಹಾಕಿ ಕಳಿಸಿ ಅಮ್ಮಾವ್ರೇ. ಕಾರು ಬೇಡ, ಕಾವಲು ಬೇಡ, ಒಬ್ಬಳೇ ನಡ್ಕೊಂಡು ಹೋಗ್ಲಿ. ಇದು ಹಾಕ್ಕೊಂಡಿರೋ ಮಗೂನ ಈ ಊರಲ್ಲಿ ಕಳ್ಳನೂ ಮುಟ್ಟಲ್ಲ, ಪೊಲೀಸನೂ ನೋಡಲ್ಲ, ಪೇಪರಿನವನೂ ಬರೆಯಲ್ಲ. ಇಷ್ಟು ಭದ್ರವಾದ ಬಟ್ಟೆ ಎಲ್ಲಿ ಸಿಗುತ್ತೆ? ತಗೊಳ್ಳಿ."

ಫ್ರಾಕು ಹಿಡಿದ ಕೈಯನ್ನು ಅಮ್ಮಾವ್ರ ಕಡೆ ಚಾಚಿದಳು. ಅಮ್ಮಾವ್ರು ಕುರ್ಚಿಯಲ್ಲೇ ಹಿಂದೆ ಸರಿದರು. ಬೇಬಿಯನ್ನು ಎಳೆದು ತೊಡೆಗೆ ಒತ್ತಿಕೊಂಡರು. ಮೈಕು ಕೈಕೊಟ್ಟಿದೆ ಅಂತ ಯಾರೋ ಕೂಗಿದರು. ಮೈಕಿಗೆ ಏನೂ ಆಗಿರಲಿಲ್ಲ.

ಆಗ ನನ್ನ ಪಕ್ಕದಲ್ಲಿದ್ದ, ಎಂದೂ ಗಟ್ಟಿಯಾಗಿ ಮಾತಾಡದ ತುಂಬುವ ವಿಭಾಗದ ಅಜ್ಜಿ ತಲೆಯ ಟೋಪಿ ತೆಗೆದಳು.

"ಮಕ್ಕಳೆಲ್ಲ ಒಂದೇ ಅಂದ್ರಲ್ಲ. ತಗೊಳ್ಳಿ ಅಮ್ಮಾವ್ರೇ!" ಅಂತ ಕೂಗಿದಳು.

"ತಗೊಳ್ಳಿ!" ಅಂದಳು ಇನ್ನೊಬ್ಬಳು.

"ತಗೊಳ್ಳಿ!" ಅಂದೆ ನಾನು. ಗೇಟಿನ ಹತ್ತಿರದಿಂದ ಡ್ರೈವರಿನ ದನಿಯೂ ಕೇಳಿಸಿತು. ಆಮೇಲೆ ಯಾರದು ಯಾವ ದನಿ ಅಂತ ತಿಳಿಯಲಿಲ್ಲ, ಹಿಂದಿನ ಸಾಲುಗಳು ನಿಧಾನಕ್ಕೆ ಮುಂದಕ್ಕೆ ನಡೆಯತೊಡಗಿದ್ದವು.

ಅಮ್ಮಾವ್ರು ತಗೊಳ್ಳಲಿಲ್ಲ. ಅವಳೂ ಕೈ ಇಳಿಸಲಿಲ್ಲ.