ಅತ್ತೆಯ ಮೊಣಕಾಲು

ನನ್ನ ಸೊಸೆ ಮುಖಕ್ಕೆ ಕಟ್ಟಿಕೊಳ್ಳುವ ಕರಿಬಟ್ಟೆಯನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮುದುಕಿ ಮಾತು ತಿರುಗಿಸಿದಳು ಅನ್ನಬೇಡಿ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಪಾಕಿಸ್ತಾನದ ಪಂಜಾಬಿನ ಖಾರಿಯಾಂ ಕಡೆಯ ಹಳ್ಳಿಯಿಂದ ಗಂಡನ ಹಿಂದೆ ಡೆನ್ಮಾರ್ಕಿಗೆ ಹೊರಟಾಗ ನನ್ನ ಮೈಮೇಲೂ ಒಂದು ಬುರ್ಖಾ ಇತ್ತು, ನನ್ನ ಅತ್ತೆ ಹೊದಿಸಿ ಕಳಿಸಿದ್ದು. ವಿಮಾನದ ಪಾಯಿಖಾನೆಯಲ್ಲಿ ಅದನ್ನು ಬಿಚ್ಚಿ, ಸುರುಟಿ, ಅಲ್ಲೇ ಕಸದ ಡಬ್ಬಿಗೆ ತುರುಕಿ ಬಂದವಳು ನಾನು. ಗಂಡ ಮೂರು ದಿನ ಮಾತು ಬಿಟ್ಟ. ನಾಲ್ಕನೇ ದಿನ ಹೊಟ್ಟೆ ಹಸಿಯಿತು, ಮಾತಾಡಿದ.

ಅಂಥವಳ ಮನೆಯ ಸೊಸೆ ತಾಹಿರಾ. ಕೋಪನ್‌ಹೇಗನ್ ಪಕ್ಕದ ಇದೇ ಊರಲ್ಲಿ ಹುಟ್ಟಿ ಇಲ್ಲೇ ಓದಿದವಳು. ಮದುವೆಯಾಗಿ ಹದಿಮೂರು ವರ್ಷ ತಲೆಗೊಂದು ದುಪಟ್ಟಾ ಹಾಕಿಕೊಂಡು ಸುಮ್ಮನಿದ್ದವಳು, ಒಂದು ರಂಜಾನ್ ತಿಂಗಳಲ್ಲಿ ಕಣ್ಣೆರಡನ್ನು ಮಾತ್ರ ಬಿಟ್ಟು ಮುಖವೆಲ್ಲ ಮುಚ್ಚಿಕೊಂಡು ನನ್ನೆದುರು ನಿಂತಳು. ನನ್ನ ಮಗ ನವೀದ್ ಹೇಳಿ ಮಾಡಿಸಿದ್ದಲ್ಲ. ಹೆಂಡತಿಗೆ ಒಂದು ಲೋಟ ಚಹಾ ಕೊಡು ಅನ್ನುವುದಕ್ಕೂ ಅವನಿಗೆ ಧೈರ್ಯವಿಲ್ಲ.

"ಯಾರೇ ಹೇಳಿದ್ದು ನಿಂಗೆ?" ಅಂದೆ.

"ಯಾರೂ ಹೇಳ್ಲಿಲ್ಲ ಅತ್ತೆ. ನಂಗೇ ಅನ್ನಿಸ್ತು."

"ನಾನು ಕಿತ್ತು ಬಿಸಾಕಿದ್ದನ್ನ ನೀನು ಹೆಕ್ಕೊಂಡು ಹಾಕ್ಕೊಂಡ್ಯಾ?"

"ನೀವು ಬಿಸಾಕಿದ್ದು ನಿಮ್ಮತ್ತೆ ಹೊದ್ಸಿದ್ದನ್ನ. ಇದು ನಾನೇ ಕೊಂಡ್ಕೊಂಡಿದ್ದು."

ಬಾಯಿ ಇದೆ ಅವಳಿಗೆ. ಬಟ್ಟೆ ಕಟ್ಟಿದ ಮೇಲೆ ಕಮ್ಮಿಯಾದೀತು ಅಂದುಕೊಂಡಿದ್ದೆ, ಎಲ್ಲಿಯದು! ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಇದೊಂದು ಜಗಳ ಖಾಯಂ ಆಯಿತು. ಹಿಟ್ಟು ನಾದುವಾಗ ಶುರುವಾದರೆ ರೊಟ್ಟಿ ತಿಂದು ಮುಗಿಯುವ ಹೊತ್ತಿಗೆ ಮುಗಿಯುತ್ತಿತ್ತು.

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಮನೆ ರಂಪವನ್ನು ಬೀದಿ ರಂಪ ಮಾಡಿದೆ. ಮುಖ ಮುಚ್ಚುವುದನ್ನು ನಿಷೇಧಿಸಬೇಕೋ ಬೇಡವೋ ಅಂತ ದೇಶವೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದ ಕಾಲ. ನಮ್ಮ ಅಂಗಡಿ ಚೌಕದಲ್ಲಿ ಸ್ಥಳೀಯ ಪತ್ರಿಕೆಯ ಹುಡುಗಿಯೊಬ್ಬಳು ನನ್ನನ್ನು ನಿಲ್ಲಿಸಿ ಕೇಳಿದಳು. ಅಂದು ಬೆಳಿಗ್ಗೆ ತಾನೇ ತಾಹಿರಾ ಜೊತೆ ಜಗಳವಾಡಿ ಬಂದಿದ್ದೆ. "ಆ ಬಟ್ಟೆ ತೆಗೆಸಿದರೆ ಮೊದಲು ಸಿಹಿ ಹಂಚುವವಳು ನಾನೇ" ಅಂದುಬಿಟ್ಟೆ. ನನ್ನ ಫೋಟೋ ಸಮೇತ ಅಚ್ಚಾಯಿತು. ಮುಂದಿನ ಆಗಸ್ಟಿಗೆ ಕಾನೂನು ಬಂತು.

ತಾಹಿರಾ ಹೊರಗೆ ಹೋಗುವುದನ್ನು ನಿಲ್ಲಿಸಿದಳು, ಅಷ್ಟೆ. ತರಕಾರಿ ಅಂಗಡಿ, ಗ್ರಂಥಾಲಯ, ಕೆರೆ ಸುತ್ತ ನಡೆಯುವುದು ಎಲ್ಲ ನಿಂತವು. ತಿಂಗಳಿಗೊಮ್ಮೆ ನವೀದನ ಟ್ಯಾಕ್ಸಿಯಲ್ಲಿ ಕೂತು ತವರಿಗೆ ಹೋಗಿ ಬರುವಳು. ಹತ್ತು ತಿಂಗಳು ಹೀಗೇ ಕಿಟಕಿ ಪಕ್ಕ ಕೂತು ಕಳೆದಳು. ನಾನು ಬುರ್ಖಾ ಬಿಸಾಡಿದ್ದು ಬೀದಿಯಲ್ಲಿ ತಿರುಗಾಡಲಿಕ್ಕೆ. ಇವಳನ್ನು ಮನೆಯೊಳಗೆ ಕೂರಿಸಿದವರಲ್ಲಿ ನಾನೂ ಒಬ್ಬಳಾದೆ. ಗೆದ್ದವಳಿಗೆ ತುತ್ತು ಇಳಿಯುತ್ತಿರಲಿಲ್ಲ.

ಜೂನ್ ಬಂತು, ಮೊಮ್ಮಗಳು ಅರೀಬಾಳ ಶಾಲೆಯ ಕೊನೆಯ ಪರೀಕ್ಷೆ ಬಂತು. ಇಲ್ಲಿ ಅದು ಬಾಯಿಪರೀಕ್ಷೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಅರ್ಧ ಗಂಟೆ ಕೂರಿಸುತ್ತಾರೆ. ಹೊರಗೆ ಮನೆಯವರು, ಶಾಲೆ ಮುಗಿಸಿದ ಗುರುತಾದ ಕೆಂಪು ಪಟ್ಟಿಯ ಬಿಳಿ ಟೋಪಿ ಹಿಡಿದು ಕಾಯಬೇಕು. ಮಗು ಬಾಗಿಲು ದಾಟಿ ಬಂದ ಕೂಡಲೇ ತಲೆಗೆ ಟೋಪಿ ಇಡಬೇಕು. ಅದಕ್ಕೆ ಮೊದಲು ಹಾಕಿ ನೋಡಿದರೆ ಅಪಶಕುನ ಅನ್ನುತ್ತಾರೆ. ದೇವರನ್ನೇ ನಂಬದ ಈ ಜನ ಇದೊಂದನ್ನು ನಂಬುತ್ತಾರೆ. ಟೋಪಿ ಇಡುವುದು ಸಾಮಾನ್ಯವಾಗಿ ತಾಯಿ.

"ಅಮ್ಮೀ ಇಡ್ಬೇಕು" ಅಂದಳು ಅರೀಬಾ. "ಅವಳು ಬರ್ದಿದ್ರೆ ನಂಗೆ ಟೋಪಿನೇ ಬೇಡ. ಬರಿತಲೇಲಿ ಬರ್ತೀನಿ."

"ಬರ್ತೀನಿ" ಅಂದಳು ತಾಹಿರಾ.

"ಅದನ್ನ ತೆಗೆದು ಬರ್ತೀಯೋ?" ನಾನು ಕೇಳಿದೆ.

"ಇಲ್ಲ."

"ದಂಡ ಹಾಕ್ತಾರೆ ಕಣೇ."

"ಹಾಕ್ಲಿ. ಮಗಳಿಗೆ ಟೋಪಿ ಇಟ್ಟು ಆಮೇಲೆ ಕಟ್ತೀನಿ."

ಅರೀಬಾಳ ಶಾಲೆಯ ಕಾರಿಡಾರು ನನಗೆ ಹೊಸದಲ್ಲ. ಇಪ್ಪತ್ತಾರು ವರ್ಷ ಅದನ್ನು ಒರೆಸಿದ್ದೇನೆ. ಪರೀಕ್ಷೆಯ ಕೋಣೆಯಿಂದ ಮೆಟ್ಟಿಲಿನವರೆಗೆ ಬರಿಗೈಯಲ್ಲಿ ಅರವತ್ತು ಹೆಜ್ಜೆ, ಬಕೆಟ್ ಹಿಡಿದರೆ ಎಂಬತ್ತು. ಅರೀಬಾ ಒಳಗೆ ಹೋಗಿ ಐದು ನಿಮಿಷವಾಗಿರಲಿಲ್ಲ, ಉಪಪ್ರಾಂಶುಪಾಲ ಪ್ರೆಬೆನ್ ಬಂದ. ಕೆಟ್ಟವನಲ್ಲ. ನಾನು ನಿವೃತ್ತಳಾದ ದಿನ ಹೂಗುಚ್ಛ ಕೊಟ್ಟವನು, ನನ್ನ ಸಮೋಸ ಎಷ್ಟು ತಿಂದಿದ್ದಾನೋ ಲೆಕ್ಕವಿಲ್ಲ. ಈ ದೇಶದಲ್ಲಿ ರಾಣಿಯೊಬ್ಬಳನ್ನು ಬಿಟ್ಟು ಎಲ್ಲರೂ ಎಲ್ಲರಿಗೂ ನೀನು ಅನ್ನುವವರೇ, ಅವನೂ ಹಾಗೇ.

"ಖುರ್ಶೀದ್, ನಿನ್ನ ಸೊಸೆಗೆ ಹೇಳು. ಮುಖದ ಬಟ್ಟೆ ತೆಗೀಬೇಕು, ಇಲ್ಲ ಹೊರಗೆ ಕಾಯ್ಬೇಕು. ಕಾನೂನು, ನಾನೇನ್ ಮಾಡ್ಲಿ?"

"ಅವಳಿಗೆ ನಿನಗಿಂತ ಚೆನ್ನಾಗಿ ಡ್ಯಾನಿಶ್ ಬರತ್ತೆ, ಅವಳಿಗೇ ಹೇಳು."

"ನಾನಿಲ್ಲೇ ಇರ್ತೀನಿ" ಅಂದಳು ತಾಹಿರಾ ಮೆಲ್ಲಗೆ.

"ಹಾಗಾದ್ರೆ ನಾನು ಪೊಲೀಸರಿಗೆ ಹೇಳ್ಬೇಕಾಗತ್ತೆ." ಅವನು ನನ್ನ ಕಡೆ ತಿರುಗಿ ದನಿ ತಗ್ಗಿಸಿದ. "ಖುರ್ಶೀದ್, ನೀನೇ ಪತ್ರಿಕೇಲಿ ಹೇಳಿದ್ದೆಯಲ್ಲ. ನಾನು ಓದಿದ್ದೀನಿ. ನೀನು ನಮ್ಮ ಕಡೆಯವಳು."

ನನ್ನ ಮುಖಕ್ಕೆ ಯಾರೋ ನೆಲ ಒರೆಸಿದ ನೀರು ಎರಚಿದ ಹಾಗಾಯಿತು. ತಾಹಿರಾ ನೆಲ ನೋಡುತ್ತಿದ್ದಳು. ಸುತ್ತ ಬೇರೆ ಮಕ್ಕಳ ತಂದೆತಾಯಿಯರು ಪುಟ್ಟ ಬಾವುಟ ಹಿಡಿದು, ಕೇಳದವರ ಹಾಗೆ ನಿಂತು ಎಲ್ಲ ಕೇಳುತ್ತಿದ್ದರು.

"ಹೇಳಿದ್ದೆ" ಅಂದೆ, ಎಲ್ಲರಿಗೂ ಕೇಳುವ ಹಾಗೆ. "ನಾನು ಅವಳತ್ತೆ, ಹೇಳ್ತೀನಿ. ನಾಳೆನೂ ಹೇಳ್ತೀನಿ. ನಾನು ಹೇಳಿದ್ರೆ ಅವಳು ಎದುರು ಮಾತಾಡ್ತಾಳೆ, ಆಮೇಲೆ ಇಬ್ರೂ ಒಂದೇ ತಟ್ಟೇಲಿ ರೊಟ್ಟಿ ತಿಂತೀವಿ. ನೀನು ಹೇಳಿದ್ರೆ ಪೊಲೀಸ್ ಬರ್ತಾರೆ. ಅದೂ ಇದೂ ಒಂದೇನಾ, ಪ್ರೆಬೆನ್?"

ಅವನು ಫೋನ್ ಹಿಡಿದು ಹೋದ. ಪೊಲೀಸ್ ಠಾಣೆ ಹತ್ತಿರವೇ ಇತ್ತು, ಏನು ಮಾಡುವುದು. ಅರೀಬಾ ಒಳಗೆ ಹೋಗಿ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಹಳದಿ ಜಡೆಯ ಎಳೆ ವಯಸ್ಸಿನ ಪೊಲೀಸಿನವಳೊಬ್ಬಳು ಪ್ರೆಬೆನ್ ಜೊತೆ ಮೆಟ್ಟಿಲು ಹತ್ತಿ ಬಂದಳು. ಜೋರು ಮಾಡಲಿಲ್ಲ. ತಾಹಿರಾಳ ಹೆಸರು ವಿಳಾಸ ಕೇಳಿ, ದಂಡದ ಚೀಟಿ ಬರೆದು ಕೈಗೆ ಕೊಟ್ಟಳು.

"ಈಗ ಅದನ್ನ ತೆಗೀಬೇಕು, ಇಲ್ಲ ಈ ಜಾಗ ಬಿಟ್ಟು ಹೋಗ್ಬೇಕು. ಎರಡ್ರಲ್ಲಿ ಒಂದು."

ತಾಹಿರಾ ಬೆಂಚಿನ ಮೇಲೆ ಕೂತಿದ್ದ ನನ್ನ ಕಡೆ ಬಗ್ಗಿದಳು. ಟೋಪಿಯ ಡಬ್ಬಿಯನ್ನು ನನ್ನ ಮಡಿಲಿಗಿಟ್ಟಳು. "ನಾನು ಹೋಗ್ತೀನಿ ಅತ್ತೆ. ಇಲ್ಲಿ ಗಲಾಟೆ ಆಗಿ ಅವಳ ಪರೀಕ್ಷೆ ಕೆಡೋದು ಬೇಡ. ಟೋಪಿ ನೀವೇ ಇಡಿ."

"ನಾನ್ಯಾಕೆ ಇಡ್ಲಿ? ಹೆತ್ತಿದ್ದು ನಾನಾ?" ಡಬ್ಬಿಯನ್ನು ಅವಳ ಕಂಕುಳಿಗೆ ತುರುಕಿದೆ. ಪೊಲೀಸಿನವಳಿಗೆ ಹೇಳಿದೆ, "ಹೋಗ್ತೀವಮ್ಮ. ನಾವು ಕಾನೂನು ಮೀರೋರಲ್ಲ. ಆದ್ರೆ ನಾನೂ ಅವಳ ಜೊತೇಲೇ ಹೋಗ್ಬೇಕು, ನನ್ನ ಕೈ ಹಿಡ್ಕೊಳ್ಳೋಳು ಅವಳೊಬ್ಳೇ. ನಂಗೆ ಮೊಣಕಾಲಿಲ್ಲ."

ತಾಹಿರಾ ನನ್ನ ಕಡೆ ಬೆಚ್ಚಿ ನೋಡಿದಳು. ಹೋದ ವರ್ಷ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆದ ಮೇಲೆ ನಾನು ಎಳೆ ಕರುವಿನ ಹಾಗೆ ಓಡಾಡಿಕೊಂಡಿರುವುದು ಅವಳಿಗೆ ಗೊತ್ತು. ನಾನು ಅವಳ ತೋಳನ್ನು ಚಿವುಟಿದೆ. ಅವಳ ಕಣ್ಣಂಚು ಸ್ವಲ್ಪ ಕಿರಿದಾಯಿತು; ಆ ಬಟ್ಟೆಯ ಹಿಂದೆ ನಗುವುದು ನನಗೆ ಗೊತ್ತಾಗುತ್ತದೆ, ಆರು ವರ್ಷದ ಅಭ್ಯಾಸ.

ಎದ್ದೆ. ಏಳುವುದಕ್ಕೇ ಒಂದು ನಿಮಿಷ ಹಿಡಿಯಿತು. ಒಂದು ಹೆಜ್ಜೆ ಇಟ್ಟೆ, "ಯಾ ಅಲ್ಲಾ" ಅಂದೆ, ನಿಂತೆ. ಇನ್ನೊಂದು ಹೆಜ್ಜೆ ಇಟ್ಟೆ. ಕೋಟು ನೇತುಹಾಕುವ ಗೂಟ ಸಿಕ್ಕಲ್ಲೆಲ್ಲ ಹಿಡಿದುಕೊಂಡು ಉಸಿರು ಬಿಟ್ಟೆ.

"ಲಿಫ್ಟ್ ಇದೆಯಲ್ಲ ಈ ಕಡೆ" ಅಂದ ಪ್ರೆಬೆನ್.

"ಲಿಫ್ಟ್ ಅಂದ್ರೆ ನಂಗೆ ಭಯ."

"ಇಪ್ಪತ್ತಾರು ವರ್ಷ ಅದ್ರಲ್ಲೇ ಬಕೆಟ್ ಸಾಗಿಸ್ತಿದ್ದೆಯಲ್ಲ!"

"ಆಗ ವಯಸ್ಸಿತ್ತಪ್ಪ, ಭಯ ಇರ್ಲಿಲ್ಲ."

ಬಾವುಟ ಹಿಡಿದಿದ್ದ ಒಬ್ಬ ತಂದೆ, ನನಗೆ ಗುರುತೂ ಇಲ್ಲದ ಮನುಷ್ಯ, ಎಲ್ಲಿಂದಲೋ ಒಂದು ಕುರ್ಚಿ ತಂದು ನನ್ನ ಹಿಂದೆ ಇಟ್ಟ. "ಸ್ವಲ್ಪ ಸುಧಾರಿಸ್ಕೋ, ಅವಸರ ಏನಿದೆ?" ಅಂದ. ಅವನ ಮುಖ ನೋಡಿದೆ. ಅವನಿಗೆ ಅರ್ಥವಾಗಿತ್ತು. ಕೂತೆ. ಪೊಲೀಸಿನವಳು ಗಡಿಯಾರ ನೋಡಿದಳು, ನನ್ನ ಮೊಣಕಾಲು ನೋಡಿದಳು, ಮುದುಕಿಯನ್ನು ಎಳೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ. "ಹೊರಟರೆ ಒಳ್ಳೇದು" ಅಂದಳು. ಹೊರಟೆ. ಮೂವತ್ತಾರನೇ ಹೆಜ್ಜೆ. ಮೂವತ್ತೇಳು. ಬೇರೆಯವರಿಗೆ ಅದು ಕಾರಿಡಾರು, ನನಗೆ ಒಂದೊಂದು ಕಲ್ಲೂ ಪರಿಚಯ. ನಲವತ್ತೊಂದನೇ ಹೆಜ್ಜೆ ಇಟ್ಟಾಗ ಹಿಂದೆ ಬಾಗಿಲು ತೆರೆದ ಸದ್ದಾಯಿತು.

ಅರೀಬಾ ಅತ್ತ ಇತ್ತ ನೋಡಿದಳು. ದೂರದಲ್ಲಿ ಅಮ್ಮನ ಕರಿಬೆನ್ನು ಕಂಡಿತು, ಪಕ್ಕದಲ್ಲಿ ಸಮವಸ್ತ್ರ ಕಂಡಿತು. ಓಡಿ ಬಂದಳು.

"ಹನ್ನೆರಡು" ಅಂದಳು. "ಅಮ್ಮೀ, ಹನ್ನೆರಡು ಕೊಟ್ರು." ಇಲ್ಲಿ ಅದಕ್ಕಿಂತ ಮೇಲಿನ ಅಂಕವಿಲ್ಲ.

ತಾಹಿರಾ ನನ್ನ ತೋಳು ಬಿಟ್ಟಳು. ಡಬ್ಬಿ ತೆಗೆದು ಟೋಪಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಆಗ ಅವಳ ಬೆರಳ ಸಂದಿಯಲ್ಲಿದ್ದ ಚೀಟಿ ಅರೀಬಾಳ ಕಣ್ಣಿಗೆ ಬಿತ್ತು. ಎಳೆದುಕೊಂಡು ಓದಿದಳು. ಮುಖ ಕೆಂಪಾಯಿತು. ಟೋಪಿಯ ಒಳಪಟ್ಟಿಯಲ್ಲಿ ಮನೆಯವರು ಹಾರೈಕೆ ಬರೆಯುವ ಪದ್ಧತಿ. ಹುಡುಗಿ ಆ ಚೀಟಿಯನ್ನು ನಾಲ್ಕಾಗಿ ಮಡಿಸಿ ಅದೇ ಪಟ್ಟಿಯೊಳಗೆ ಸಿಕ್ಕಿಸಿದಳು, ಪ್ರೆಬೆನ್ ನೋಡುತ್ತಿದ್ದ ಹಾಗೆಯೇ. ಆಮೇಲೆ ತಲೆ ಬಗ್ಗಿಸಿದಳು.

"ಈಗ ಇಡು ಅಮ್ಮೀ."

ತಾಹಿರಾ ಇಟ್ಟಳು. ಕುರ್ಚಿ ತಂದವನು ಬಾವುಟ ಬೀಸಿ ಕೂಗಿದ, ಉಳಿದವರೂ ಕೂಗಿದರು. ಪೊಲೀಸಿನವಳು ಕೂಗು ನಿಲ್ಲುವವರೆಗೂ ತನ್ನ ಪುಸ್ತಕದಲ್ಲಿ ಏನೋ ಬರೆಯುತ್ತಲೇ ಇದ್ದಳು. ಪ್ರೆಬೆನ್ ಮಾತ್ರ ತನ್ನ ಬೂಟು ನೋಡುತ್ತಿದ್ದ. ನಾನು ಉಳಿದ ಹತ್ತೊಂಬತ್ತು ಹೆಜ್ಜೆಯನ್ನು ದಡದಡ ನಡೆದು, ಕಂಬಿ ಹಿಡಿಯದೆ ಮೆಟ್ಟಿಲಿಳಿದೆ. ಅವನಿಗೆ ಕಾಣಲಿ ಅಂತಲೇ ಇಳಿದೆ.

ಹೊರಗೆ ನವೀದ್ ಟ್ಯಾಕ್ಸಿ ನಿಲ್ಲಿಸಿಕೊಂಡು ಕಾಯುತ್ತಿದ್ದ. ಅರೀಬಾ ಗೆಳತಿಯರ ಜೊತೆ ಹೋದಳು. ತಾಹಿರಾ ಕಾರಿನ ಬಾಗಿಲಿಗೆ ಕೈ ಹಾಕಿ ನಿಂತಳು.

"ನಡ್ಕೊಂಡು ಹೋಗೋಣ್ವಾ ಅತ್ತೆ?"

"ಚೌಕ ದಾಟಿ ಹೋಗ್ಬೇಕು ಕಣೇ. ಇನ್ನೊಂದು ಚೀಟಿ ಬರೀತಾರೆ."

"ಬರೀಲಿ."

"ಈ ಸೆಕೇಲಿ ಆ ದರಿದ್ರ ಬಟ್ಟೆ ಬೇರೆ. ತೆಗಿಯೇ ಅದನ್ನ."

"ತೆಗಿಯಲ್ಲ."

"ಹಠಮಾರಿ" ಅಂದೆ. ನವೀದನಿಗೆ ಖಾಲಿ ಗಾಡಿ ತಗೊಂಡು ಹೋಗು ಅಂತ ಕೈ ಮಾಡಿದೆ. ಹತ್ತು ತಿಂಗಳಾದ ಮೇಲೆ ನನ್ನ ಸೊಸೆ ಬೀದಿಗಿಳಿದಳು. ನಾನು ಅಂದು ಪತ್ರಿಕೆಯವಳಿಗೆ ಬಾಯಿ ಕೊಟ್ಟ ಅದೇ ಚೌಕದ ನಟ್ಟನಡುವೆ, ಜನರೆಲ್ಲ ತಿರುಗಿ ನೋಡುತ್ತಿರುವಾಗ, ಇಬ್ಬರೂ ಜಗಳವಾಡುತ್ತಾ ನಡೆದೆವು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಆದರೂ ಮನೆ ಮುಟ್ಟುವವರೆಗೆ ನಾನು ಅವಳ ತೋಳು ಬಿಡಲಿಲ್ಲ.