ಮಲಗಿ ಹೋಗುವ ಗಾಡಿ

ಸಿದ್ದಯ್ಯ ಅಂಗಾತ ಮಲಗಿಕೊಂಡೇ ಅವರೆಕಾಯಿ ಸುಲಿಯುತ್ತಿದ್ದ. ಹೊಟ್ಟೆಯ ಮೇಲೆ ಮೊರ, ಬಲಕ್ಕೆ ಕಾಯಿ ತುಂಬಿದ ಕುಕ್ಕೆ, ಎಡಕ್ಕೆ ಸಿಪ್ಪೆಗೊಂದು ಗೋಣಿಚೀಲ. ಕಾಳು ಒಂದೊಂದಾಗಿ ಮೊರಕ್ಕೆ ಬೀಳುತ್ತಿದ್ದವು. ಹಿಂದಿನ ವರ್ಷ ಹುಣಿಸೆಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೇಲೆ ಮನೆಯಲ್ಲಿ ಅವನ ಪಾಲಿಗೆ ಉಳಿದಿದ್ದು ಇಂಥ ಕೆಲಸಗಳೇ. ನಿಲ್ಲಬಲ್ಲ. ಹೆಂಡತಿಯ ಹೆಗಲು ಹಿಡಿದು ಬಚ್ಚಲಿಗೆ ಹೋಗಿಬರಬಲ್ಲ. ಕೂರುವುದು ಮಾತ್ರ ಆಗದು. ಕೂತ ಸ್ವಲ್ಪ ಹೊತ್ತಿಗೆಲ್ಲ ಸೊಂಟದಿಂದ ಕಾಲಿನವರೆಗೆ ಬೆಂಕಿ ಇಳಿದಂತಾಗುತ್ತಿತ್ತು.

ಆಗ ಲಿಂಗಮ್ಮ ಒಂದು ಬಿದಿರುಕೋಲು ಹಿಡಿದುಕೊಂಡು ಒಳಗೆ ಬಂದಳು. ಕೋಲನ್ನು ಗಂಡನ ಪಕ್ಕದಲ್ಲಿ ಉದ್ದಕ್ಕೆ ಇಟ್ಟು, ಅವನ ನೆತ್ತಿಯ ಹತ್ತಿರ ಒಂದು ಗೀರು, ಅಂಗಾಲಿನ ಹತ್ತಿರ ಒಂದು ಗೀರು ಎಳೆದಳು.

“ಏನಮ್ಮಿ ಇದು? ಗುಂಡಿಗೆ ಅಳತೆಯಾ?” ಅಂದ ಸಿದ್ದಯ್ಯ. “ಹಂಗಾದ್ರೆ ತಪ್ಪು ಅಳೀತಾ ಇದ್ದೀಯ. ನಮ್ಮೋರ್ನ ಕೂರ್ಸಿ ಮಣ್ಣು ಮಾಡ್ತಾರೆ ಕನಾ. ಬದುಕಿದ್ದಾಗ ಕೂರಕ್ಕಾಗ್ದಿದ್ರೂ ಸತ್ತಮೇಲಾದ್ರೂ ಕೂರ್ಸಿ.”

“ಬುಡ್ತು ಅನ್ನಿ. ಹೊನ್ನಾವರಕ್ಕೆ ಹೋಗೋ ಗಾಡಿ ನೋಡಕ್ಕೆ ಹೋಯ್ತಾ ಇವ್ನಿ,” ಅಂದಳು ಲಿಂಗಮ್ಮ, ಕೋಲಿಗೆ ಗೀರಿದ್ದ ಚಾಕುವನ್ನು ಸೆರಗಿಗೆ ಒರೆಸುತ್ತ.

ಹೊನ್ನಾವರದಲ್ಲಿ ಇದ್ದದ್ದು ಸಿದ್ದಯ್ಯನ ಅಕ್ಕ ಚಿಕ್ಕತಾಯಮ್ಮ. ಮಗಳ ಮನೆ ಸೇರಿದ್ದ ಆಕೆಗೆ ಎಂಬತ್ತು ದಾಟಿತ್ತು, ಕಿವಿ ಪೂರಾ ಹೋಗಿತ್ತು. ಮೊಮ್ಮಗಳು ಫೋನಿನಲ್ಲಿ ಮುಖ ತೋರಿಸಿದರೆ ತಮ್ಮನನ್ನು ನೋಡಿ ಅಳುವುದೇ ಆಯಿತು. ಇವನು ಆಡಿದ ಒಂದು ಮಾತೂ ಆಕೆಗೆ ಮುಟ್ಟುತ್ತಿರಲಿಲ್ಲ. ಕಾಗದವಾದರೆ ಓದಿಕೊಳ್ಳುತ್ತಿದ್ದಳು, ಓದಿದ್ದನ್ನೇ ಮತ್ತೆ ಮತ್ತೆ ಓದಿಕೊಳ್ಳುತ್ತಿದ್ದಳು. ಗೌರಿಹಬ್ಬಕ್ಕೆ ಮೊದಲು ಅವಳದೊಂದು ಕಾಗದ ಬಂದಿತ್ತು: ‘ನಾನು ಇನ್ನು ಘಟ್ಟ ಹತ್ತಲಾರೆ. ನೀನು ಬಂದು ಹೋಗಪ್ಪ ಒಂದು ಸಲ. ಬರುತ್ತೀಯೋ ಇಲ್ಲವೋ ಬರೆ.’ ಅದಕ್ಕೆ ಸಿದ್ದಯ್ಯ ಈ ತನಕ ಉತ್ತರ ಬರೆದಿರಲಿಲ್ಲ. ಬರುತ್ತೇನೆ ಎಂದರೆ ಸುಳ್ಳಾಗುತ್ತಿತ್ತು. ಬರುವುದಿಲ್ಲ ಎಂದು ಬರೆಯಲು ಕೈ ಏಳುತ್ತಿರಲಿಲ್ಲ. ಅವನನ್ನು ಸಾಕಿದವಳು ಆ ಅಕ್ಕ.

ಊಟಿಯ ಡಾಕ್ಟರು ಮಲಗಿಕೊಂಡಾದರೆ ಹೋಗಬಹುದು, ಅಲ್ಲಲ್ಲಿ ನಿಲ್ಲಿಸಿ ಎಬ್ಬಿಸಬೇಕು ಅಂದಿದ್ದರು. ಅಷ್ಟು ಸಾಕಾಯಿತು ಲಿಂಗಮ್ಮನಿಗೆ. ಗೂಡಲೂರಿನ ಸುಧಾಕರನ್ ಟೂರಿಸ್ಟುಗಳಿಗೆ ಮನೆಯಂಥ ಗಾಡಿಗಳನ್ನು ಬಾಡಿಗೆಗೆ ಕೊಡುತ್ತಾನೆಂದು ಮಗ ನಟರಾಜ ಹೇಳಿದ್ದ. ಮಸಿನಗುಡಿಯಲ್ಲಿ ಸಫಾರಿ ಜೀಪು ಓಡಿಸುವ ನಟರಾಜನಿಗೆ ಆ ಪೈಕಿಯವರೆಲ್ಲ ಗುರುತು. ಮಾವನಲ್ಲ ಎಂಬ ಊರಿನ ಈ ಮನೆಯಿಂದ ತಾಯಿ ಮಗ ಬಿದಿರುಕೋಲು ಸಮೇತ ಹೊರಟರು. ಹೊರಡುವ ಮೊದಲು ಸೊಸೆ ಪ್ರೇಮಲತಾ ತನ್ನ ಫೋನನ್ನು ಸಿದ್ದಯ್ಯನ ತಲೆದೆಸೆಯ ನೀರಿನ ಚೊಂಬಿಗೆ ಒರಗಿಸಿ ನಿಲ್ಲಿಸಿದಳು. ನಟರಾಜ ಅಲ್ಲಿಂದ ತೋರಿಸುವುದು, ಇವನು ಇಲ್ಲಿ ನೋಡುವುದು ಅಂತ ಮಾತಾಗಿತ್ತು.

ಮೊದಲು ಕಂಡದ್ದು ದೊಡ್ಡ ಕ್ಯಾರವಾನು. ಬಸ್ಸಿನಷ್ಟು ಉದ್ದ, ಹೊರಗೆಲ್ಲ ಬಿಳಿ ಬಣ್ಣ. ಒಳಗೆ ಸೋಫಾ, ಟಿವಿ, ಫ್ರಿಜ್ಜು, ಹಿಂದುಗಡೆ ಡಬಲ್ ಮಂಚ. ಸಿದ್ದಯ್ಯ ಮೊರವನ್ನು ಪಕ್ಕಕ್ಕೆ ತಳ್ಳಿ ಬಾಯಿಬಿಟ್ಟು ನೋಡಿದ.

“ಅಮ್ಮಾ, ಇದು ರಾಜಾಗಾಡಿ. ಸಿನಿಮಾದವರು ಬಂದ್ರೆ ಇದೇ ಕೇಳೋದು,” ಅನ್ನುತ್ತಿದ್ದ ಸುಧಾಕರನ್, ತನ್ನ ಮಲಯಾಳದ ರಾಗದ ಕನ್ನಡದಲ್ಲಿ. “ಬಾತ್ರೂಮು ಕೂಡ ಒಳಗೇ.”

ಲಿಂಗಮ್ಮ ಬಾತ್ರೂಮಿನ ಬಾಗಿಲು ತೆರೆದು ಒಳಹೊಕ್ಕು, “ನಟರಾಜ, ನೀನೂ ಬಾ,” ಅಂದಳು. ನಟರಾಜ ಒಂದು ಭುಜ ತೂರಿಸಿ ಸಿಕ್ಕಿಕೊಂಡ.

“ನೋಡಪ್ಪ ಸುಧಾಕರ, ಅವರನ್ನ ಹಿಡ್ಕಂಡು ನಿಲ್ಲೋಳು ನಾನು. ಇಲ್ಲಿ ಒಬ್ರೇ ನಿಲ್ಲದು. ನಾನೇನು ಟಿವಿ ಮೇಲೆ ನಿಲ್ಲಲಾ?”

“ಅದು... ನಾರ್ಮಲ್ ಪಾರ್ಟಿಗೆ ಅಲ್ಲವಾ ಅಮ್ಮಾ ಮಾಡೋದು.”

“ಆಯ್ತು. ಮಂಚ ನೋಡಾಣ.” ಕೋಲು ಮಂಚದ ಮೇಲೆ ಬಂತು. ಉದ್ದ ಸಾಕಾಗಿತ್ತು, ಆದರೆ ಮಂಚ ಗಾಡಿಗೆ ಅಡ್ಡವಾಗಿ ಇತ್ತು. ಲಿಂಗಮ್ಮ ಚಪ್ಪಲಿ ಬಿಟ್ಟು ಹತ್ತಿ ಅಂಗಾತ ಮಲಗಿದಳು. “ಊಟಿ ರಸ್ತೆಯಾಗೆ ನಾಕು ತಿರುವು ಹತ್ತ್ಸಿ ಇಳ್ಸು, ನೋಡ್ತೀನಿ.”

ಸುಧಾಕರನ್ ನಕ್ಕ. ಆಮೇಲೆ, ಆಕೆ ತಮಾಷೆ ಮಾಡುತ್ತಿಲ್ಲವೆಂದು ತಿಳಿದು, ಗಾಡಿ ಹೊರಡಿಸಿದ. ಸಿದ್ದಯ್ಯನಿಗೆ ಫೋನಿನಲ್ಲಿ ಕಂಡದ್ದು ಬರೀ ಹೆಂಡತಿಯ ಪಾದಗಳು ಮತ್ತು ಕಿಟಕಿಯ ಪರದೆಯನ್ನು ಬಿಗಿಯಾಗಿ ಹಿಡಿದ ಅವಳ ಕೈ. ಬಲಕ್ಕೆ ತಿರುಗಿದಾಗ ಪಾದ ಮೇಲೆದ್ದವು, ಎಡಕ್ಕೆ ತಿರುಗಿದಾಗ ಪಾದ ಕಾಣೆಯಾದವು. ಸಿಗ್ನಲ್ ಹೋಯಿತು. ಮತ್ತೆ ಬಂದಾಗ ಲಿಂಗಮ್ಮ ರಸ್ತೆ ಪಕ್ಕದ ಚರಂಡಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು, ನಟರಾಜ ಬೆನ್ನು ನೀವುತ್ತಿದ್ದ.

“ಅವ್ವ ಹೊಟ್ಟೇಲಿದ್ದಿದ್ದನ್ನೆಲ್ಲ ಗೂಡಲೂರಿಗೆ ಕೊಟ್ಟುಬುಟ್ಟಳು ಅಪ್ಪ!” ಅಂದ ನಟರಾಜ.

“ಮನೆಗೆ ಕರ್ಕಂಡು ಬಾ ಅವಳನ್ನ. ಸಾಕು,” ಅಂತ ಸಿದ್ದಯ್ಯ ಕೂಗಿದ.

ಲಿಂಗಮ್ಮ ಬಾಯಿ ಮುಕ್ಕಳಿಸಿ ಫೋನಿನ ಹತ್ತಿರ ಮುಖ ತಂದಳು. “ನೀವು ಕಾಳು ಸುಲೀರಿ. ಅಡ್ಡ ಮಲಗಿದ್ರೆ ಒಂದು ತಿರುವಿಗೆ ತಲೆ ಕೆಳಕ್ಕೆ, ಒಂದು ತಿರುವಿಗೆ ಕಾಲು ಕೆಳಕ್ಕೆ. ಅದು ಗೊತ್ತಾಯ್ತಲ್ಲ. ಇನ್ನೊಂದು ನೋಡಾಣ.”

ಎರಡನೆಯದು, ಜೀಪಿಗೆ ಕಟ್ಟಿ ಎಳೆಯುವ ಟ್ರೇಲರ್ ಮನೆ. ಒಳಗೆ ಮಂಚ ಉದ್ದಕ್ಕೇ ಇತ್ತು, ಇಬ್ಬರು ನಿಲ್ಲುವಷ್ಟು ಜಾಗವೂ ಇತ್ತು, ಮೆಟ್ಟಿಲೂ ತಗ್ಗು. ಸಿದ್ದಯ್ಯನಿಗೆ ಇದೇ ಆಗಬಹುದು ಅನ್ನಿಸಿತು. ಲಿಂಗಮ್ಮ ಒಂದೇ ಮಾತು ಕೇಳಿದಳು: “ಗಾಡಿ ಓಡ್ತಾ ಇರೋವಾಗ ಇದರೊಳಗೆ ಮಲಗಬಹುದಾ?”

“ಅಯ್ಯೋ ಇಲ್ಲ ಅಮ್ಮಾ. ಓಡುವಾಗ ಆಳು ಇರಬಾರದು. ಎಲ್ಲರೂ ಜೀಪಲ್ಲಿ ಕೂರಬೇಕು. ನಿಂತ ಮೇಲೆ ಒಳಗೆ.”

“ಹಂಗಾದ್ರೆ ಇದು ನಿಂತ ಮೇಲೆ ಮಲಗೋರಿಗೆ. ನಮಗೆ ಬೇಕಿರೋದು ಓಡ್ತಾ ಮಲಗೋದು.”

ಸಿದ್ದಯ್ಯ ಮೊರವನ್ನು ಮತ್ತೆ ಹೊಟ್ಟೆಯ ಮೇಲೆ ಎಳೆದುಕೊಂಡ. ಆ ಮಾತು ತನಗೆ ಹೊಳೆಯಲೇ ಇಲ್ಲವಲ್ಲ ಅನ್ನಿಸಿತು. ಮಲಗಿರುವವನು ತಾನು. ಮಲಗಿರುವವನ ಕಷ್ಟವನ್ನೆಲ್ಲ ನಿಂತುಕೊಂಡು ಯೋಚಿಸುತ್ತಿರುವವಳು ಅವಳು. ನಲವತ್ತು ಚಿಲ್ಲರೆ ವರ್ಷ ಒಟ್ಟಿಗೆ ಬದುಕಿದ್ದರೂ ಹೆಂಡತಿಯ ಈ ನಿಧಾನವನ್ನು ಅವನು ಹೀಗೆ ದೂರದಿಂದ ಕೂತು, ಅಲ್ಲ, ಮಲಗಿ, ನೋಡಿದ್ದೇ ಇರಲಿಲ್ಲ.

ಮೂರನೆಯದನ್ನು ಸುಧಾಕರನ್ ತೋರಿಸಲು ಹೋಗಿರಲಿಲ್ಲ. ಷೆಡ್ಡಿನ ಮೂಲೆಯಲ್ಲಿ ನಿಂತಿದ್ದ ತಗ್ಗು ವ್ಯಾನನ್ನು ಲಿಂಗಮ್ಮನೇ ಕಂಡು ಕೇಳಿದಳು. ಒಂದು ಪಕ್ಕಕ್ಕೆ ಉದ್ದನೆಯ ಹಲಗೆಮಂಚ, ಅದರ ಎದುರು ಎಳೆದರೆ ಹೊರಬರುವ ಗ್ಯಾಸ್ ಒಲೆ, ನೀರಿನ ಕ್ಯಾನು. ಟಿವಿ ಇಲ್ಲ, ಫ್ರಿಜ್ಜಿಲ್ಲ, ಬಾತ್ರೂಮೂ ಇಲ್ಲ. ಕೋಲು ಮಂಚಕ್ಕೆ ಸರಿಯಾಗಿ ಕೂತಿತು. ಮಂಚ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇತ್ತು, ಕುಲುಕಾಟ ಕಡಿಮೆ.

“ಇದು ಚಿಕ್ಕದು ಅಮ್ಮಾ. ಕಾಲೇಜು ಹುಡುಗರು ತಗೊಂಡು ಹೋಗೋದು.”

“ಬಾತ್ರೂಮಿಗೆ ತೂತಿನ ಕುರ್ಚಿ ಇಟ್ಟು ಪರದೆ ಕಟ್ಕತೀವಿ, ಒಂದ್ ಗಳಿಗೆ ಕೂತ್ಕತಾರೆ, ಬುಡು. ಎದೆಗೊಂದು ತೊಡೆಗೊಂದು ಪಟ್ಟಿ ಹಾಕ್ಸಿಕೊಡು, ಬ್ರೇಕು ಹಾಕಿದ್ರೆ ಜಾರಬಾರದು. ಈಗ ನಾನು ಇದರಾಗೇ ಮಲಗಿ ಊರಿಗೆ ಹೋಯ್ತೀನಿ.”

ಅವಳು ಹಾಗೇ ಬಂದಳು. ಪಟ್ಟಿ ಹಾಕಿಸಿಕೊಂಡು, ತೊರಪ್ಪಳ್ಳಿ ದಾಟಿ, ಕಾಡಿನೊಳಗಿನ ರಸ್ತೆಹಂಪುಗಳನ್ನೆಲ್ಲ ಬೆನ್ನಿನಲ್ಲೇ ಎಣಿಸಿಕೊಂಡು, ತೆಪ್ಪಕಾಡಿನಲ್ಲಿ ತಿರುಗಿ ಮಾವನಲ್ಲಕ್ಕೆ. ವ್ಯಾನು ಮನೆ ಮುಂದೆ ನಿಂತಾಗ ಕೂದಲು ಕೆದರಿಕೊಂಡು ಇಳಿದ ಲಿಂಗಮ್ಮ ನೇರ ಗಂಡನ ಹತ್ತಿರ ಬಂದು, “ನಿದ್ದೆ ಬಂದಿತ್ತು ಕನ್ರೀ,” ಅಂದಳು.

ಬಾಡಿಗೆಯದಾದರೇನು, ಮನೆಯಂಥ ಗಾಡಿ ಅಂದಮೇಲೆ ಹಾಲು ಉಕ್ಕಿಸದೆ ಹೇಗೆ ಅಂದಳು ಪ್ರೇಮಲತಾ. ಹೊಸ ಮನೆಯಲ್ಲಿ ಹಾಲು ಉಕ್ಕಿ ಪೂರ್ವಕ್ಕೆ ಚೆಲ್ಲಿದರೆ ಶುಭ. ವ್ಯಾನಿನ ಒಲೆ ಹಚ್ಚಿ ಪಾತ್ರೆ ಇಟ್ಟರು. ಅಂಗಳದ ಆ ಭಾಗ ಪಶ್ಚಿಮಕ್ಕೆ ವಾಲಿತ್ತು. ಹಾಲು ಉಕ್ಕಿ ಪಶ್ಚಿಮಕ್ಕೇ ಇಳಿಯಿತು. ಪ್ರೇಮಲತಾಳ ಮುಖ ಬಾಡಿತು.

“ಅಷ್ಟೇನಾ? ತಡಿ,” ಅಂದ ನಟರಾಜ. ಜೀಪು ಕೆಸರಿನಲ್ಲಿ ಹೂತಾಗ ಮಾಡುವಂತೆ, ಪಶ್ಚಿಮದ ಕಡೆಯ ಚಕ್ರಗಳ ಕೆಳಗೆ ಕಲ್ಲು ಕೊಟ್ಟು ಗಾಡಿಯನ್ನು ಎತ್ತರಿಸಿದ. ಎರಡನೇ ಸಲ ಹಾಲು ಪೂರ್ವಕ್ಕೆ ಚೆಲ್ಲಿತು. ಎಲ್ಲರಿಗೂ ಸಂತೋಷವಾಯಿತು. ಆ ಸಂತೋಷದಲ್ಲೇ ಸಿದ್ದಯ್ಯನನ್ನು ನಡೆಸಿಕೊಂಡು ಬಂದು ಒಳಗೆ ಮಲಗಿಸಿದರು.

ಹಾಲು ಹೋದ ದಾರಿಯಲ್ಲೇ ಸಿದ್ದಯ್ಯನೂ ಹೊರಟ. ಮಂಚ ಒಂದು ಮಗ್ಗುಲಿಗೆ ವಾಲಿತ್ತು. ಹಿಡಿದುಕೊಳ್ಳಲು ಸೊಂಟ ಬಿಗಿಮಾಡಿದ್ದೇ ತಡ, ಹಳೆಯ ಬೆಂಕಿ ಕಾಲಿನವರೆಗೆ ಹರಿಯಿತು. “ಎತ್ತ್ರಲಾ! ಎತ್ತ್ರೀ ನನ್ನ!” ಎಂದು ಕೂಗಿಕೊಂಡ. ಮತ್ತೆ ಮನೆಯೊಳಗೆ ತಂದು ಮಲಗಿಸಿದರು.

“ನಿಂತಿರೋ ಗಾಡೀಲೇ ಹಿಂಗೆ. ಹೊನ್ನಾವರದ ಮಾತು ಬುಟ್ಟುಬುಡಿ. ಅಕ್ಕನಿಗೆ ಬರಕ್ಕಾಗಲ್ಲ ಅಂತ ಬರೆದುಬುಡ್ತೀನಿ, ಕಾಗದ ಕೊಡಮ್ಮಿ,” ಅಂದ.

ನಟರಾಜ ತಲೆ ತಗ್ಗಿಸಿ ನಿಂತಿದ್ದ. ಪ್ರೇಮಲತಾ, “ನನ್ನದೇ ತಪ್ಪು ಮಾವ,” ಅಂದಳು.

ಲಿಂಗಮ್ಮ ಯಾರನ್ನೂ ಬೈಯಲಿಲ್ಲ. ನೋವು ಇಳಿಯುವ ತನಕ ಗಂಡನ ಕಾಲು ನೀವಿದಳು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ ಒಂದು ಸುತ್ತು ಹಾಕಿದಳು. ಕೊಟ್ಟಿಗೆಯ ಮುಂದೆ ನಿಂತು, ಒಂದು ಚೊಂಬು ನೀರನ್ನು ನೆಲಕ್ಕೆ ಸುರಿದು, ಅದು ಹರಿಯುವ ಕಡೆಯನ್ನು ನೋಡಿದಳು. ಬಾಗಿಲ ಸಂದಿಯಿಂದ ಸಿದ್ದಯ್ಯನಿಗೆ ಅದೆಲ್ಲ ಕಾಣುತ್ತಿತ್ತು.

“ಲೋ ಮಗ, ಆ ಕಲ್ಲು ತೆಗಿ,” ಅಂದಳು. “ಮನೆಯಾಗಿದ್ರೆ ಎಲ್ಲಿ ಕಟ್ಟಿದ್ರೋ ಅಲ್ಲೇ ಇರ್ಬೇಕು. ಇದಕ್ಕೆ ಚಕ್ರ ಯಾಕ್ ಕೊಟ್ಟವ್ರೆ? ಕೊಟ್ಟಿಗೆ ಮುಂದೆ ನೆಲ ಪೂರ್ವಕ್ಕೆ ವಸಿ ಇಳೀತದೆ. ಅಲ್ಲಿಗೆ ತಂದು, ಮೂತಿ ಪಶ್ಚಿಮಕ್ಕೆ ಮಾಡಿ ನಿಲ್ಸು. ಅವರ ತಲೆ ವಸಿ ಮೇಲಿರ್ತದೆ, ಕಾಲು ಕೆಳಗಿರ್ತದೆ. ಹಾಲೂ ಪೂರ್ವಕ್ಕೆ ಹೋಯ್ತದೆ. ಎಲ್ಲೇ ರಾತ್ರಿ ತಂಗಿದ್ರೂ ಮೊದ್ಲು ನೆಲಕ್ಕೆ ನೀರು ಸುರಿದು ನೋಡಾದು, ಆಮೇಲೆ ಗಾಡಿ ನಿಲ್ಸಾದು.”

ನಟರಾಜ ವ್ಯಾನು ತಿರುಗಿಸಿ ತಂದ. ಮೂರನೇ ಸಲ ಹಾಲು ಉಕ್ಕಿತು, ಪಾತ್ರೆಯ ಪೂರ್ವದ ಅಂಚಿನಿಂದ ನೊರೆ ಇಳಿಯಿತು.

“ಬರ್ತೀರಾ?” ಅಂದಳು ಲಿಂಗಮ್ಮ ಬಾಗಿಲಲ್ಲಿ ನಿಂತು. ಬಲವಂತ ಮಾಡಲಿಲ್ಲ.

ಗೂಡಲೂರಿನ ಚರಂಡಿಯ ಮುಂದೆ ಕೂತಿದ್ದ ಅವಳ ಬೆನ್ನು ಸಿದ್ದಯ್ಯನ ಕಣ್ಣಿಗೆ ಬಂತು. ಕೈ ಚಾಚಿದ.

ಈ ಸಲ ಮಂಚ ಅವನನ್ನು ಯಾವ ಕಡೆಗೂ ತಳ್ಳಲಿಲ್ಲ. ಲಿಂಗಮ್ಮ ಪಟ್ಟಿ ಬಿಗಿದು, ಪಕ್ಕದಲ್ಲಿ ಸೀಟು ಹಿಡಿದಳು. “ಮಸಿನಗುಡಿಗೆ ಹೋಗಿ ಬರಾಣ. ನೋವಾದ್ರೆ ಹೇಳಿ, ತಕ್ಷಣ ನಿಲ್ಸ್ತಾನೆ.” ನಟರಾಜ ಹೊರಟ. ಹುಣಿಸೆಮರಗಳ ಕೊಂಬೆಗಳು, ಕರೆಂಟಿನ ತಂತಿ, ಒಂದು ತುಂಡು ಬೆಟ್ಟ, ಎಲ್ಲ ಕಿಟಕಿಯಲ್ಲಿ ಕಾಲಿನ ಕಡೆಗೆ ಸರಿದು ಹೋಗುತ್ತಿದ್ದವು. ಒಂದು ಹಂಪು ಬಂತು, ಹೋಯಿತು. ಸಿದ್ದಯ್ಯ ಉಸಿರು ಹಿಡಿದು ಕಾದ. ನೋವು ಬರಲಿಲ್ಲ. ಇನ್ನೊಂದು ಬಂತು, ಅದೂ ಹೋಯಿತು.

“ಏನ್ರೀ?” ಅಂದಳು ಲಿಂಗಮ್ಮ.

“ಏನಿಲ್ಲ ಕನಮ್ಮಿ. ಏನೂ ಆಗ್ಲಿಲ್ಲ,” ಅಂದ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ, ನೀರು ಎರಡೂ ಕಿವಿಗೆ ಇಳಿಯಿತು. ಲಿಂಗಮ್ಮ ಸೆರಗಿನಿಂದ ಒರೆಸಿದಳು. “ಕಿವಿಗೆ ನೀರು ಹೋದ್ರೆ ನಿಮ್ಮಕ್ಕನ ಹಂಗೆ ಆಯ್ತೀರಿ,” ಅಂದಳು. ಸಿದ್ದಯ್ಯ ಅಳುತ್ತಲೇ ನಕ್ಕ.

ಮಸಿನಗುಡಿಯಲ್ಲಿ ನಟರಾಜ ಒಂದು ಇನ್‌ಲ್ಯಾಂಡ್ ಕಾಗದ ಕೊಂಡು ತಂದುಕೊಟ್ಟ. ಸಿದ್ದಯ್ಯ ಅದನ್ನು ಎದೆಯ ಮೇಲೆ ತಟ್ಟೆ ಇಟ್ಟುಕೊಂಡು ಬರೆದ. ಪೆನ್ನು ಮೇಲ್ಮುಖವಾಗಿದ್ದುದರಿಂದ ಅಕ್ಷರ ಆಗಾಗ ಮೂಡದೆ ಹೋಗುತ್ತಿತ್ತು. ಲಿಂಗಮ್ಮ ಕೊಡವಿ ಕೊಡುತ್ತಿದ್ದಳು.

‘ಅಕ್ಕಾ, ತಡವಾಯಿತು, ಮನ್ನಿಸು. ಸಂಕ್ರಾಂತಿ ಕಳೆದ ಮೇಲೆ ಬರುತ್ತೇನೆ. ಮಲಗಿಕೊಂಡೇ ಬರುತ್ತೇನೆ, ಹೆದರಬೇಡ, ಚೆನ್ನಾಗಿದ್ದೇನೆ. ಗಾಡಿ ನೋಡಿದವಳು ಲಿಂಗಮ್ಮ. ನನಗಾಗಿ ಮೊದಲು ಅವಳೇ ಮಲಗಿ ಬಂದಳು. ಬಂದಾಗ ಮೊದಲು ಅವಳಿಗೆ ಊಟ ಹಾಕು. ನಿಮ್ಮ ಮನೆ ಮುಂದೆ ನೆಲ ಯಾವ ಕಡೆಗೆ ಇಳಿಯುತ್ತದೆ ಅಂತ ಮಗಳ ಕೈಲಿ ಬರೆಸಿ ಕಳಿಸು.’

ಕೊನೆಯ ಸಾಲನ್ನು ಓದಿ ಲಿಂಗಮ್ಮ ತಲೆಯಾಡಿಸಿದಳು. ಊಟದ ಸಾಲಿಗೆ ಮಾತ್ರ, “ಇದೆಲ್ಲ ಯಾಕೆ ಬರೀಬೇಕಿತ್ತು?” ಅಂದಳು.

“ನೀನು ಸುಮ್ಕಿರು.”

ನಟರಾಜ ಕಾಗದಕ್ಕೆ ಕೈ ಚಾಚಿದ. ಸಿದ್ದಯ್ಯ ಕೊಡಲಿಲ್ಲ. “ನಾನೇ ಹಾಕ್ತೀನಿ. ಪೆಟ್ಟಿಗೆ ಪಕ್ಕಕ್ಕೆ ತಗೊಂಡೋಗು,” ಅಂದ. ನಟರಾಜ ವ್ಯಾನನ್ನು ಅಂಚೆ ಕಚೇರಿಯ ಗೋಡೆಗೆ ಒತ್ತಾಗಿ ತಂದ. ಮುಂದೆ ಹೋಯಿತು. ಹಿಂದಕ್ಕೆ ತೆಗೆದ. ಹಿಂದಿದ್ದ ಆಟೋದವನು ಹಾರನ್ ಬಾರಿಸಿದ.

“ಬಾರ್ಸ್ಕೊಳ್ಳಪ್ಪ,” ಅಂದಳು ಲಿಂಗಮ್ಮ ಕಿಟಕಿಯಿಂದ ತಲೆ ಹಾಕಿ. “ನಟರಾಜ, ಇನ್ನೊಂದು ಗೇಣು. ಹ್ಞಾಂ, ಸಾಕು.”

ಸಿದ್ದಯ್ಯ ಮಲಗಿದಲ್ಲಿಂದಲೇ ಕಿಟಕಿಯಾಚೆ ಕೈ ನೀಡಿ, ಕೆಂಪು ಪೆಟ್ಟಿಗೆಯ ಬಾಯಿಯನ್ನು ಬೆರಳಿನಿಂದ ತಡವಿ ಹುಡುಕಿ, ಕಾಗದವನ್ನು ಒಳಗೆ ತಳ್ಳಿದ.